ಬಲಗಾಲಿನ ಬೂಟುಗಳು

ಅಣ್ಣ ತಂಗಿ ಮಾತು ಬಿಟ್ಟು ತಿಂಗಳುಗಳೇ ಕಳೆದಿದ್ದವು. ಜಗಳ ಆಸ್ತಿಗಲ್ಲ, ಒಡವೆಗಲ್ಲ, ಬೂಟಿಗೆ.

ಅಣ್ಣ ಬೂಟು ರಿಪೇರಿ ಮಾಡುವವನು. ಮನೆಯ ಕೆಳಗೇ ಅಂಗಡಿ. ರಸ್ತೆಯ ಕಡೆಗೆ ಒಂದು ಕಿಟಕಿ, ಒಳಗೆ ಅಂಟಿನ ವಾಸನೆ, ಗೋಡೆಗೆ ಒತ್ತಿ ನಿಲ್ಲಿಸಿದ ಹೊಲಿಗೆ ಯಂತ್ರ, ಗಿರಾಕಿ ಕೂರಲು ಒಂದು ಸ್ಟೂಲು. ತಂಗಿ ಊರಾಚೆಯ ಕಾರ್ಖಾನೆಯಲ್ಲಿ ಅವೇ ಬೂಟುಗಳನ್ನು ಮಾಡುವವಳು. ಬೂಟೆಂದರೆ ಆ ಊರಿನಲ್ಲಿ ಗೂಳಿ ಗುರುತಿನದೇ. ಕಂಬ ಹತ್ತುವವರು, ಕಲ್ಲು ಒಡೆಯುವವರು, ಲಾರಿ ಓಡಿಸುವವರು, ಎಲ್ಲರ ಕಾಲಲ್ಲೂ ಗೂಳಿ. ಅಪ್ಪ ಕೊಂಡ ಜೊತೆ ಮಗನಿಗೂ ಬರುತ್ತದೆ ಎಂದು ಹಿಂದೆ ಜನ ಹೇಳುತ್ತಿದ್ದರು. ಈಗ ಹಾಗೆ ಹೇಳುವುದು ಕಾರ್ಖಾನೆಯ ಗೇಟಿನ ಮೇಲಿನ ಬೋರ್ಡು ಮಾತ್ರ ಎಂದು ಅಣ್ಣ ಒಂದು ಸಂಜೆ ಗಿರಾಕಿಗಳ ಮುಂದೆ ತಮಾಷೆ ಮಾಡಿದ. ಅಷ್ಟಕ್ಕೇ ನಿಲ್ಲಿಸಿದ್ದರೆ ಆಗುತ್ತಿತ್ತು. “ಗೂಳಿ ಹೋಗಿ ಕರು ಆಗಿದೆ. ಒಳಗೆ ಚರ್ಮ ಎಲ್ಲಿದೆ, ಬರೀ ರಟ್ಟು,” ಎಂದೂ ಸೇರಿಸಿದ. ಆಗಷ್ಟೇ ಕೆಲಸ ಮುಗಿಸಿ ಬಂದ ತಂಗಿ ಬಾಗಿಲಲ್ಲೇ ನಿಂತಿದ್ದಳು. ಗಿರಾಕಿಗಳು ನಕ್ಕರು. ಅವಳು ಯಾರ ಮುಖವನ್ನೂ ನೋಡದೆ ಮೆಟ್ಟಿಲು ಹತ್ತಿ ಹೋದಳು.

ಇಬ್ಬರ ನಡುವೆ ಸಿಕ್ಕಿಕೊಂಡವಳು ಅಣ್ಣನ ಮಗಳು. ತಾಯಿ ಇಲ್ಲದ ಅವಳನ್ನು ಅತ್ತೆಯೇ ಬೆಳೆಸಿದ್ದಳು, ಕೆಲಸ ಕಲಿಸಿದವನು ಅಪ್ಪ. ನಾಲ್ಕು ಜನರ ಮುಂದೆ ದನಿ ಹೊರಡದ ಹುಡುಗಿ ಎಂದು ಅತ್ತೆ ಅವಳನ್ನು ಇಲಿಮರಿ ಎಂದು ಕರೆಯುತ್ತಿದ್ದಳು. ಈಗ ಆ ಇಲಿಮರಿಯೇ ಮನೆಯ ಅಂಚೆಯವಳಾಗಿದ್ದಳು. ಊಟ ಆರುತ್ತಿದೆ ಎಂದು ನಿಮ್ಮಪ್ಪನಿಗೆ ಹೇಳು ಎಂದು ಅತ್ತೆ ಹೇಳುವಳು. ನನಗೂ ಕಣ್ಣಿದೆ ಎಂದು ನಿಮ್ಮತ್ತೆಗೆ ಹೇಳು ಎಂದು ಅಪ್ಪ ಹೇಳುವನು. ಇಬ್ಬರೂ ಕೂತಿರುವುದು ಒಂದೇ ಮೇಜಿಗೆ. ಇವಳು ಬಾಯಿ ತೆರೆಯುವುದರೊಳಗೆ ಸುದ್ದಿ ಮುಟ್ಟಿ, ಉತ್ತರವೂ ಹೊರಟಿರುತ್ತಿತ್ತು. ಅಷ್ಟು ಹಗುರ ಕೆಲಸ, ಆದರೂ ಊಟ ಮುಗಿಯುವ ಹೊತ್ತಿಗೆ ಅವಳಿಗೆ ಸುಸ್ತಾಗುತ್ತಿತ್ತು.

ಹೀಗಿರುವಾಗ ಕಾರ್ಖಾನೆಯಲ್ಲಿ ಹೊಸಬರನ್ನು ತೆಗೆದುಕೊಳ್ಳುವ ಸುದ್ದಿ ಬಂತು. ಅತ್ತೆ ಯಾರನ್ನೂ ಕೇಳದೆ ಸೂಪರ್‌ವೈಸರನ ಹತ್ತಿರ ಹೋಗಿ, ತನ್ನ ಪಕ್ಕದ ಯಂತ್ರವನ್ನು ಸೊಸೆಗೆ ಮಾತಾಡಿ ಬಂದಳು. ಕಾರ್ಖಾನೆಯ ರಜೆ ಕಳೆದ ಮೊದಲ ದಿನ ಬಂದು ಮುಖ ತೋರಿಸಿದರೆ ಸಾಕಂತೆ.

ಮಗಳಿಗೆ ಹೋಗುವ ಆಸೆ ಇತ್ತು. ಅಪ್ಪನ ಅಂಗಡಿಗೆ ಬರುವ ಕೆಲಸ ಕಡಿಮೆಯಾಗುತ್ತಿರುವುದು ಅವಳಿಗೆ ಕಾಣುತ್ತಿತ್ತು. ಅದಕ್ಕಿಂತ ಹೆಚ್ಚಾಗಿ, ಬೆಳಿಗ್ಗೆ ಎದ್ದು ಹೋಗಿ ಕೂರುವ ತನ್ನದೇ ಒಂದು ಜಾಗ ಅವಳಿಗೆ ಬೇಕಾಗಿತ್ತು. ಅಪ್ಪ ಬೇಡ ಎನ್ನಲಿಲ್ಲ. ಹೊಲಿಯುತ್ತಿದ್ದ ಬೂಟಿನಿಂದ ತಲೆ ಎತ್ತದೆ ಹೇಳಿದ, “ಹೋಗು, ಅದಕ್ಕೇನಂತೆ. ನೀನು ಬೆಳಿಗ್ಗೆ ಅಂಟಿಸಿದ್ದನ್ನ ನಾನು ಸಂಜೆ ಬಿಚ್ತೀನಿ. ಮನೆಯೊಳಗೇ ವ್ಯಾಪಾರ ನಡೆಯುತ್ತೆ.”

ಬೈದಿದ್ದರೆ ಸುಲಭವಾಗುತ್ತಿತ್ತು. ಆ ಮಾತು ಬೂಟಿನೊಳಗಿನ ಮೊಳೆಯಂತೆ ಅವಳನ್ನು ಚುಚ್ಚುತ್ತಲೇ ಇತ್ತು. ಅಪ್ಪ ಹೇಳುವುದು ನಿಜವೇ ಆದರೆ, ಅವನು ದಿನವಿಡೀ ಶಪಿಸುವ ಬೂಟನ್ನು ತಾನು ದಿನವಿಡೀ ಮಾಡುವುದು ಹೇಗೆ? ಸುಳ್ಳಾದರೆ, ಅವನ ಒಂದು ಹಳೆಯ ಗೊಣಗಾಟಕ್ಕೆ ತನ್ನ ಜಾಗವನ್ನು ಬಿಡುವುದು ಹೇಗೆ?

ಅವಳು ನೋಡುತ್ತಾ ಕೂರುವ ಸ್ವಭಾವದವಳು. ಕಿಟಕಿಯ ಪಕ್ಕದಲ್ಲಿ ಕೂತು, ಬಂದ ಬೂಟುಗಳನ್ನು ಈಗ ಬೇರೆ ರೀತಿಯಲ್ಲಿ ನೋಡತೊಡಗಿದಳು. ಹಳೆಯ ಗೂಳಿ ಬಂದರೆ ಅದು ಗಟ್ಟಿಯಾಗಿಯೇ ಇರುತ್ತಿತ್ತು, ಅಪ್ಪ ಅದನ್ನು ಅಂಗೈಯಲ್ಲಿ ತೂಗಿ ನೋಡಿ ಹಿಗ್ಗುತ್ತಿದ್ದ. ಹೊಸದು ಬಂದರೆ ಅದರ ಅಡಿಯ ಅಟ್ಟೆ ಬಾಯಿ ಬಿಟ್ಟಿರುತ್ತಿತ್ತು. ಆದರೆ ಹಳೆಯದರಲ್ಲಿ ಕೆಟ್ಟವು ಎಲ್ಲಿ ಹೋದವು? ಅವು ಆಗಲೇ ತಿಪ್ಪೆ ಸೇರಿರಬೇಕು. ಮತ್ತೆ ಮತ್ತೆ ಅಟ್ಟೆ ಹಾಕಿಸುವಷ್ಟು ಚೆನ್ನಾಗಿದ್ದವು ಮಾತ್ರ ಅಪ್ಪನ ಕೈಗೆ ಬರುತ್ತಿದ್ದವು. ಹೊಸದರಲ್ಲಿ ಚೆನ್ನಾಗಿರುವವು ಇನ್ನೂ ಯಾರದೋ ಕಾಲಲ್ಲಿ ಓಡಾಡುತ್ತಿರಬಹುದು, ಅವು ಅಂಗಡಿಯ ಮೆಟ್ಟಿಲು ಹತ್ತುವುದೇ ಇಲ್ಲ. ಅಪ್ಪ ಇಷ್ಟು ವರ್ಷ ನೋಡಿದ್ದು ಹಳತರಲ್ಲಿ ಒಳ್ಳೆಯವನ್ನು, ಹೊಸತರಲ್ಲಿ ಕೆಟ್ಟವನ್ನು. ಅತ್ತೆಯಾದರೂ ನೋಡಿದ್ದು ತನ್ನ ಯಂತ್ರದ ಸೂಜಿಯ ಕೆಳಗೆ ಹಾದುಹೋಗುವ, ಅಟ್ಟೆಯ ಅಂಚಿಗೆ ಸುತ್ತುವ ಪಟ್ಟಿಯನ್ನು ಮಾತ್ರ. ಇಬ್ಬರಲ್ಲಿ ಯಾರ ಮಾತನ್ನು ನಂಬುವುದು?

ಹಾಗೆ ಯೋಚಿಸುತ್ತಾ ಅವಳು ತಲೆ ಎತ್ತಿದಾಗ ಕಂಡದ್ದು ಕೊಕ್ಕರೆ ಮಾಮನ ಹಲಗೆ.

ಕೊಕ್ಕರೆ ಮಾಮ ಮರದ ಡಿಪೋದ ಕಾವಲುಗಾರ. ಹರೆಯದಲ್ಲೇ ಮರದ ದಿಮ್ಮಿ ಉರುಳಿ ಬಲಗಾಲು ಹೋಗಿತ್ತು. ಒಂಟಿಗಾಲಲ್ಲಿ ಊರುಗೋಲು ಊರಿ ಗೇಟಿನ ಬಳಿ ನಿಲ್ಲುವವನಿಗೆ ಯಾರೋ ಇಟ್ಟ ಹೆಸರು, ಅವನಿಗೂ ಇಷ್ಟವಾಗಿ ಅದೇ ಉಳಿಯಿತು. ಬೂಟನ್ನು ಒಂಟಿಯಾಗಿ ಯಾರೂ ಮಾರುವುದಿಲ್ಲವಲ್ಲ, ಆದ್ದರಿಂದ ಪ್ರತಿ ಸಲ ಜೊತೆಯನ್ನೇ ಕೊಂಡು, ಎಡಗಾಲಿನದನ್ನು ಹಾಕಿಕೊಂಡು, ಬಲಗಾಲಿನದನ್ನು ಅಂಗಡಿಯಲ್ಲಿ ಬಿಟ್ಟು ಹೋಗುತ್ತಿದ್ದ. ಎಡಗಾಲಿಲ್ಲದವನು ಯಾರಾದರೂ ಬಂದರೆ ಕೊಡಿ, ಅವನಿಗೆ ನನ್ನ ನಮಸ್ಕಾರ ಹೇಳಿ ಎನ್ನುತ್ತಿದ್ದ. ಅಂಥವನು ಬರಲೇ ಇಲ್ಲ. ಅಪ್ಪನ ತಲೆಯ ಮೇಲಿನ ಹಲಗೆಯಲ್ಲಿ, ಕೊಂಡ ಕ್ರಮದಲ್ಲೇ, ನೆಲ ಮುಟ್ಟದ ಐದು ಬಲಗಾಲಿನ ಬೂಟುಗಳು ಸಾಲಾಗಿ ಕೂತಿದ್ದವು. ಯಾರೂ ಆರಿಸದವು. ಒಳ್ಳೆಯದೆಂದು ಉಳಿದವೂ ಅಲ್ಲ, ಕೆಟ್ಟದ್ದೆಂದು ಬಂದವೂ ಅಲ್ಲ.

ಆ ರಾತ್ರಿ ಊಟದ ಹೊತ್ತಿಗೆ ಅವಳು ಮೊದಲ ಬಾರಿಗೆ ತನ್ನದೇ ಒಂದು ಮಾತು ಹೇಳಿದಳು. ಹಲಗೆಯ ಮೇಲಿನವನ್ನು ಸೀಳಿ ನೋಡೋಣ.

ಇನ್ನೂ ಹಾಕಿಕೊಳ್ಳಲು ಬರುವ ಬೂಟಿಗೆ ಕತ್ತಿ ಹಾಕಬಾರದೆಂಬುದು ಅಪ್ಪನ ಅಂಗಡಿಯ ಕಟ್ಟಳೆ, ಇವಂತೂ ಒಂದು ಹೆಜ್ಜೆಯನ್ನೂ ಇಟ್ಟಿರಲಿಲ್ಲ. ಬೂಟಿನ ಒಡೆಯನನ್ನು ಕೇಳದೆ ಆಗದು ಎಂದು ನಿಮ್ಮತ್ತೆಗೆ ಹೇಳು ಎಂದ. ಅತ್ತೆ ಏನೂ ಕೇಳಿಯೇ ಇರಲಿಲ್ಲ. ಹೆದರಿಕೆ ಇದ್ದವರು ಬೇಕಾದರೆ ಬಿಡಬಹುದು ಎಂದು ನಿಮ್ಮಪ್ಪನಿಗೆ ಹೇಳು ಎಂದಳು. ಅಲ್ಲಿಗೆ ಅದು ತೀರ್ಮಾನವಾದಂತಾಯಿತು.

ಕೊಕ್ಕರೆ ಮಾಮನನ್ನು ಕೇಳಿದಾಗ ಅವನು ಒಂದು ಷರತ್ತು ಹಾಕಿದ. “ಸೀಳಿ. ಆದರೆ ನನ್ನೆದುರಿಗೆ ಸೀಳಬೇಕು. ನನ್ನ ಒಂದು ಕಾಲು ಹೋಗುವಾಗ ನನಗೆ ಎಚ್ಚರ ಇರಲಿಲ್ಲ. ಈ ಸಲ ನೋಡ್ತೀನಿ.”

ರಜೆಯ ಕೊನೆಯ ದಿನ ಮಧ್ಯಾಹ್ನ ಅಂಗಡಿಯ ಕಿಟಕಿಯನ್ನು ಅರ್ಧ ಮುಚ್ಚಿ ಕೂತರು. ಸ್ಟೂಲಿನ ಮೇಲೆ ಕೊಕ್ಕರೆ ಮಾಮ, ತನ್ನ ಜಾಗದಲ್ಲಿ ಅಪ್ಪ, ಮೆಟ್ಟಿಲಿನ ಅರ್ಧದಲ್ಲಿ, ಅಂಗಡಿಗೆ ಸೇರಿದವಳಲ್ಲ ಎನ್ನುವಂತೆ, ಅತ್ತೆ. ಕತ್ತಿ ಹಿಡಿಯಲು ಅಪ್ಪ ಒಪ್ಪಲಿಲ್ಲ. ಮಗಳೇ ಹಿಡಿದಳು.

ಮೊದಲು ಎಲ್ಲಕ್ಕಿಂತ ಹಳೆಯದು. ಒಳಗಿನ ಅಟ್ಟೆ ಬೆರಳಿನಷ್ಟು ದಪ್ಪ ಚರ್ಮ, ಹೊಲಿಗೆ ಈ ಕಡೆಯಿಂದ ಆ ಕಡೆಗೆ ಹಾದುಹೋಗಿತ್ತು. ಅಪ್ಪ ಮೆಟ್ಟಿಲಿನ ಕಡೆ ನೋಡದೆ, ಆದರೆ ಮೆಟ್ಟಿಲಿಗೆ ಕೇಳಿಸುವಂತೆ, ಇದಕ್ಕೆ ಬೂಟು ಅನ್ನುವುದು ಎಂದ. ಅವಳು ಹಿಮ್ಮಡಿಗೆ ಕತ್ತಿ ಇಟ್ಟಳು. ಮೇಲೆ ಚರ್ಮದ ತೆಳು ಸಿಪ್ಪೆ, ಒಳಗೆ ಪದರ ಪದರ ರಟ್ಟು. ಅದರ ಪುಡಿ ಅವಳ ಮಡಿಲಿಗೆ ಉದುರಿತು.

ಆ ವರ್ಷ ಚರ್ಮ ಸಿಗುತ್ತಿರಲಿಲ್ಲವೇನೋ ಎಂದು ಅಪ್ಪ ಗೊಣಗಿದ. ಕೊಕ್ಕರೆ ಮಾಮ ತಲೆ ಅಲ್ಲಾಡಿಸಿದ. ಇದರ ಜೊತೆಯ ಎಡಗಾಲಿನದು ಒಂದೇ ಮಳೆಗೆ ಹಿಮ್ಮಡಿ ಕಳಚಿಕೊಂಡಿತ್ತು, ನೀನೇ ಚರ್ಮ ಕತ್ತರಿಸಿ ಹೊಸದು ಹಾಕಿಕೊಟ್ಟೆ, ಆಮೇಲೆ ಅದು ಎಷ್ಟೋ ವರ್ಷ ಬಂತು ಎಂದು ನೆನಪಿಸಿದ. “ಊರೆಲ್ಲ ನೀನು ಹೊಗಳಿದ್ದು ನಿನ್ನ ಹಿಮ್ಮಡಿಯನ್ನೇ ಮಾರಾಯ.”

ಅಪ್ಪ ಆ ರಟ್ಟಿನ ಚೂರನ್ನು ಕೈಗೆತ್ತಿಕೊಂಡು ಹೊರಳಿಸಿ ಹೊರಳಿಸಿ ನೋಡಿದ. ಅವನ ಮುಖದಲ್ಲಿ ಸೋತ ಕಳೆ ಇರಲಿಲ್ಲ. ಬಹಳ ಕಾಲ ನೆರೆಯಲ್ಲಿದ್ದವನ ಹೆಸರನ್ನೇ ಮರೆತವನಂತೆ ಕೂತಿದ್ದ. ಮೆಟ್ಟಿಲಿನ ಮೇಲೆ ಅತ್ತೆ ನಗಲಿಲ್ಲ. ಒಂದು ಮೆಟ್ಟಿಲು ಕೆಳಗೆ ಇಳಿದು ಕೂತಳು.

ಎರಡನೆಯದು, ಮೂರನೆಯದು ತುದಿಯಿಂದ ತುದಿಗೆ ಚೆನ್ನಾಗಿದ್ದವು. ಮೂರನೆಯದರ ಹಿಮ್ಮಡಿಯಲ್ಲೂ ಗಟ್ಟಿ ಚರ್ಮವೇ, ಮೊಳೆಗಳಿಗೆ ತುಕ್ಕಿಲ್ಲ. ಅದನ್ನು ಸೀಳಿದ್ದಕ್ಕೆ ಅವಳಿಗೇ ಬೇಸರವಾಯಿತು. ನಾಲ್ಕನೆಯದರಲ್ಲಿ ಚರ್ಮ ಇತ್ತು, ತೆಳ್ಳಗಾಗಿತ್ತು, ಯಾರೋ ಮನೆಖರ್ಚನ್ನು ಹಿಡಿತಕ್ಕೆ ತಂದ ಹಾಗೆ.

ಕೊನೆಯದು ಹೊಸದು, ಪಾಲಿಶ್ ಇನ್ನೂ ಮಾಸಿರಲಿಲ್ಲ. ಅಟ್ಟೆಯ ಸುತ್ತ ಹಳದಿ ದಾರದ ಹೊಲಿಗೆ ಅಚ್ಚುಕಟ್ಟಾಗಿ ಓಡಿತ್ತು, ಐದರಲ್ಲೂ ಇಷ್ಟು ನೇರವಾದ ಹೊಲಿಗೆ ಇನ್ನೊಂದರಲ್ಲಿ ಇರಲಿಲ್ಲ. ಹಿಂದಿನ ನಾಲ್ಕರಲ್ಲೂ ದಾರ ಕತ್ತರಿಸಿದ ಕೂಡಲೇ ಅಟ್ಟೆ ಸಡಿಲಗೊಂಡಿತ್ತು. ಇದರಲ್ಲಿ ಅವಳು ದಾರವನ್ನು ಸುತ್ತಲೂ ಕತ್ತರಿಸಿ ಎಳೆದು ತೆಗೆದಳು. ಅಟ್ಟೆ ಮಿಸುಕಲಿಲ್ಲ. ಬೂಟನ್ನು ಬೆಳಕಿಗೆ ಹಿಡಿದು ನೋಡಿದಳು. ಹೊಲಿಗೆ ಅಂಚಿನ ಪಟ್ಟಿಯ ಮೇಲೆ ಹೋಗಿ ಅಲ್ಲೇ ಹಿಂದಕ್ಕೆ ಬಂದಿತ್ತು. ಕೆಳಗಿನ ಅಟ್ಟೆಯನ್ನು ಅದು ಮುಟ್ಟಿಯೇ ಇರಲಿಲ್ಲ. ಇಕ್ಕಳ ಹಾಕಿ ಎಳೆದಾಗ ಅಟ್ಟೆ ಅಂಟಿನ ಸಮೇತ ಒಂದೇ ಹಾಳೆಯಾಗಿ ಬಿಟ್ಟು ಬಂತು. ಒಳಗೆ ರಟ್ಟು.

ಅವಳು ಅದನ್ನು ಕೆಳಗಿಡಲು ಹೋದಳು. ಅಷ್ಟರಲ್ಲಿ ಅತ್ತೆ ಮೆಟ್ಟಿಲಿಳಿದು ಬಂದು, ಕತ್ತರಿಸಿದ ಹಳದಿ ದಾರವನ್ನು ಎತ್ತಿಕೊಂಡು ಬೆರಳಿಗೆ ಸುತ್ತಿಕೊಂಡಳು.

“ಈ ಹೊಲಿಗೆ ನಂದು,” ಎಂದಳು.

ಆಮೇಲೆ ನಿಧಾನವಾಗಿ, ಯಾರಿಗೆ ಹೇಳುತ್ತಿದ್ದಾಳೆಂದು ತಿಳಿಯದ ಹಾಗೆ, ಹೇಳಿದಳು. ಮೊದಲೆಲ್ಲ ಇಡೀ ಬೂಟು ಅವಳ ಮುಂದೆ ಬರುತ್ತಿತ್ತು, ಪಟ್ಟಿ ಅಟ್ಟೆ ಎರಡನ್ನೂ ಸೇರಿಸಿ ಹೊಲಿಯುತ್ತಿದ್ದಳು. ಹೊಸ ಯಂತ್ರ ಬಂದ ಮೇಲೆ ಪಟ್ಟಿ ಮಾತ್ರ ಬರತೊಡಗಿತು. ಅವಳು ಹೊಲಿದ ಪಟ್ಟಿಗಳನ್ನು ಕಟ್ಟು ಕಟ್ಟಿ ಆಚೆ ಶೆಡ್ಡಿಗೆ ಒಯ್ಯುತ್ತಿದ್ದರು. ಉಳಿದ ಹೊಲಿಗೆಯನ್ನು ಅಲ್ಲಿ ಹಾಕುತ್ತಾರೆ ಎಂದುಕೊಂಡಿದ್ದಳು. ಆ ಶೆಡ್ಡಿಗೆ ಹೋಗಿ ನೋಡುವ ಕೆಲಸ ಅವಳಿಗೆ ಬಿದ್ದಿರಲಿಲ್ಲ. ಹೊಲಿಗೆ ಒಂದು ಕೂದಲೆಳೆಯಷ್ಟು ಓರೆಯಾದರೂ ಬಿಚ್ಚಿ ಮತ್ತೆ ಹಾಕುತ್ತಿದ್ದಳು. ಪಕ್ಕದವರು ನಗುತ್ತಿದ್ದರು.

“ನಿಮ್ಮಪ್ಪನನ್ನ ಕೇಳು,” ಎಂದಳು ಕೊನೆಗೆ, “ಹೊಲಿಗೆ ಹೇಗಿದೆ ಅಂತ.”

ಮಗಳು ಕೇಳಲಿಲ್ಲ. ಅಪ್ಪ ತಲೆ ಎತ್ತಿ ತಂಗಿಯನ್ನು ನೋಡಿದ. ಗೆದ್ದೆ ಎನ್ನಲು ಅವನಿಗೆ ಎಲ್ಲವೂ ಇತ್ತು.

“ನಿನ್ನ ಹೊಲಿಗೆಯಲ್ಲಿ ಏನೂ ತಪ್ಪಿಲ್ಲ ಕಣೇ,” ಎಂದ. “ಅದಕ್ಕೆ ಹಿಡ್ಕೊಳ್ಳೋಕೆ ಏನೂ ಕೊಟ್ಟಿಲ್ಲ, ಅಷ್ಟೇ.”

ಕೊಕ್ಕರೆ ಮಾಮ ತನ್ನ ಊರುಗೋಲನ್ನು ಹುಡುಕುವ ನೆಪ ಮಾಡಿಕೊಂಡು ಆ ಕಡೆ ತಿರುಗಿದ.

ಸಂಜೆ ಅಡುಗೆಮನೆಯಲ್ಲಿ ಅತ್ತೆ ಅವಳಿಗೆ ಹೇಳಿದಳು, ನಾಳೆ ನೀನು ಬರುವುದು ಬೇಡ ಇಲಿಮರಿ, ಕೂತು ಅಲಂಕಾರ ಮಾಡುವ ಕೆಲಸ ನಿನಗೆ ಯಾಕೆ, ನನಗಂತೂ ಬೇರೆ ದಾರಿ ಇಲ್ಲ. ಅಪ್ಪನೂ ಅಲ್ಲೇ ಇದ್ದ. ಬೇಡ ಎನ್ನುವುದಕ್ಕೆ ಬಂದವನು, ತಂಗಿಯೇ ಹೇಳಿಬಿಟ್ಟದ್ದರಿಂದ ಲೋಟಕ್ಕೆ ನೀರು ಬಗ್ಗಿಸಿಕೊಂಡ.

ಇಬ್ಬರೂ ಒಂದೇ ಮಾತಿಗೆ ಬಂದದ್ದು ಎಷ್ಟೋ ಕಾಲದ ಮೇಲೆ. ಅದನ್ನು ಮುರಿಯಲು ಅವಳಿಗೆ ಧೈರ್ಯ ಸಾಲದೆ, ಪಾತ್ರೆ ತೊಳೆಯುತ್ತಾ ಗೋಡೆಗೆ ಹೇಳಿದಂತೆ ಹೇಳಿದಳು.

“ನಾನು ಹೋಗ್ತೀನಿ. ಅಪ್ಪನಿಗೆ ಕಾಣೋದು ಹರಿದ ಮೇಲೆ. ನಿಮಗೆ ಕಾಣೋದು ಪಟ್ಟಿ. ನಡುವೆ ಏನಾಗುತ್ತೆ ಅಂತ ಈ ಮನೇಲಿ ಯಾರಿಗೂ ಗೊತ್ತಿಲ್ಲ.”

ಅಪ್ಪ ಲೋಟವನ್ನು ಕೆಳಗಿಟ್ಟ. ತಿಳಿದು ಏನು ಮಾಡುತ್ತೀಯ ಎಂದು ಕೇಳಿದ. ಅದು ಅವಳಿಗೂ ಗೊತ್ತಿರಲಿಲ್ಲ, ಹಾಗೆಂದೇ ಹೇಳಿದಳು.

ಮಾರನೆಯ ಬೆಳಿಗ್ಗೆ ಅತ್ತೆಯ ಜೊತೆ ನಡೆದು ಹೋದಳು. ಸೂಪರ್‌ವೈಸರ್ ವಾಡಿಕೆಯಂತೆ ಪಟ್ಟಿ ಹೊಲಿಗೆಯ ಸಾಲಿಗೆ ಕೈ ತೋರಿಸಿದ. ಅತ್ತೆಯ ಪಕ್ಕದ ಯಂತ್ರ, ಕಿಟಕಿಯ ಬೆಳಕು, ಕೂರಲು ಬೆನ್ನಿರುವ ಕುರ್ಚಿ. ಅವಳು ಒಮ್ಮೆ ಆ ಕುರ್ಚಿಯನ್ನು ಕಣ್ತುಂಬ ನೋಡಿದಳು. ಆಮೇಲೆ, ಅಟ್ಟೆ ಅಂಟಿಸುವ ಶೆಡ್ಡಿನಲ್ಲಿ ಜಾಗ ಇದೆಯೇ ಎಂದು ಕೇಳಿದಳು. ದನಿ ಎಷ್ಟು ಸಣ್ಣದಿತ್ತೆಂದರೆ ಅವನು ಎರಡು ಸಲ ಕೇಳಬೇಕಾಯಿತು. ಅಲ್ಲಿ ದಿನವಿಡೀ ನಿಲ್ಲಬೇಕು, ಅಂಟಿನ ವಾಸನೆಗೆ ತಲೆ ಸಿಡಿಯುತ್ತದೆ, ಅಲ್ಲಿಗೆ ಯಾರೂ ಕೇಳಿಕೊಂಡು ಹೋಗುವುದಿಲ್ಲ ಎಂದು ಅವನು ಹೇಳಿದ.

“ಹುಟ್ಟಿದಾಗಿಂದ ಅದೇ ವಾಸನೇಲಿ ಬೆಳೆದವಳು,” ಎಂದಳು ಅತ್ತೆ. “ಕಳಿಸಿ. ಸಂಜೆ ಬಂದು ನನಗೆ ಹೇಳಲಿ.”

ಶೆಡ್ಡಿನಲ್ಲಿ ಉದ್ದನೆಯ ಮೇಜು. ಒಂದು ತುದಿಯಲ್ಲಿ ರಟ್ಟಿನ ಅಟ್ಟೆಗಳ ರಾಶಿ, ಇನ್ನೊಂದು ತುದಿಯಲ್ಲಿ ಹಳದಿ ಹೊಲಿಗೆಯ ಪಟ್ಟಿಗಳ ಕಟ್ಟುಗಳು. ಕೈಗವಸು ಹಾಕಿದ ಒಬ್ಬ ಹೆಂಗಸು ಬ್ರಷ್ಷನ್ನು ಅವಳ ಕೈಗಿಟ್ಟು, ಎಷ್ಟು ಅಂಟು, ಎಲ್ಲಿಂದ ಎಲ್ಲಿಯವರೆಗೆ ಎಂದು ತೋರಿಸಿದಳು. ಹುಡುಗಿ ಒಂದು ಪಟ್ಟಿಯನ್ನು ಎತ್ತಿ, ದಾರ ಎಲ್ಲಿಂದ ಎಲ್ಲಿಗೆ ಹೋಗುತ್ತದೆಂದು ಬೆರಳಿನಲ್ಲಿ ತಡವಿದಳು. ನಂತರ, ಈ ಅಟ್ಟೆಗೆ ಹೊಲಿಗೆ ಹಾಕುವುದನ್ನು ಯಾವಾಗ ನಿಲ್ಲಿಸಿದರು ಎಂದು ಕೇಳಿದಳು.

ಹೆಂಗಸು ಕೈಯಲ್ಲಿದ್ದ ಅಟ್ಟೆಯನ್ನು ಕೆಳಗಿಟ್ಟಳು. ಬಾಗಿಲ ಕಡೆ ಒಮ್ಮೆ ನೋಡಿ, ಕೈಗವಸು ಕಳಚಿ ಮೇಜಿನ ಮೇಲಿಟ್ಟು, ಹತ್ತಿರ ಬಂದು ತಗ್ಗಿದ ದನಿಯಲ್ಲಿ ಹೇಳತೊಡಗಿದಳು.