ಮನಿ ನೋಡಾಕ ಬಂದವರು

"ಇನ್ನೂ ಇಳಿದಿಲ್ಲವ್ವ," ಎಂದ ಮಗ ಭೀಮರಾಜ, ಕೊಟ್ಟೂರು ಬಸ್ ಸ್ಟ್ಯಾಂಡಿನಿಂದ ಫೋನಿನಲ್ಲಿ. ಹುಲುಗಮ್ಮ ಫೋನಿಟ್ಟು ಬಾಗಿಲಿಗೆ ಬಂದಳು, ಬಾಗಿಲಿಂದ ಒಲೆಗೆ ಹೋದಳು, ಮತ್ತೆ ಬಾಗಿಲಿಗೆ. ಚಹಾಕ್ಕಿಟ್ಟ ನೀರು ಕುದಿದು ಅರ್ಧವಾಗಿತ್ತು. ಹೊಸಹಳ್ಳಿಯಿಂದ ಹುಡುಗಿಯ ಕಡೆಯವರು ಮನೆ ನೋಡಲು ಬರುವ ದಿನ ಅದು. ಹುಡುಗಿ ಮಾಲಾ, ನರ್ಸು, ಮಗ ಲೈನ್‌ಮನ್. ಇಬ್ಬರೂ ಒಬ್ಬರನ್ನೊಬ್ಬರು ಒಪ್ಪಿಯಾಗಿತ್ತು, ಉಳಿದಿದ್ದು ಇದೊಂದೇ. ಹಿಂದೆ ಎರಡು ಕಡೆಯವರು ಬಂದು ಮನೆ ನೋಡಿ "ತಿಳಿಸ್ತೀವ್ರಿ" ಎಂದು ಹೋದವರು ಇವತ್ತಿಗೂ ತಿಳಿಸಿಲ್ಲ. ಈ ಸಲವೂ ಹಾಗಾದರೆ ಭೀಮರಾಜ ಇನ್ನೊಂದು ಹೆಣ್ಣು ನೋಡಲು ಹೊರಡುವವನಲ್ಲ. ಹಾಗಂತ ಮುಖಕ್ಕೆ ಹೊಡೆದಂತೆ ಹೇಳಿಯೂ ಇದ್ದ.

ನೋಡಲು ಅಲ್ಲಿ ಏನಿದೆ, ನೀವೇ ಹೇಳಿ. ಸರ್ಕಾರ ಕಟ್ಟಿಸಿಕೊಟ್ಟ ಜನತಾ ಮನೆಗಳು. ಎರಡೆರಡು ಮನೆಗೆ ಒಂದೇ ನಡುಗೋಡೆ, ಒಂದೇ ಅಳತೆಯ ಬಾಗಿಲು, ಒಂದೇ ಕಿಟಕಿ, ಮೇಲೆ ತಗಡು. ಕುಡಿದು ಬಂದವರ ಮಾತು ಬಿಡಿ, ಕುಡಿಯದೆ ಬಂದವರೂ ಪಕ್ಕದ ಮನೆಗೆ ನುಗ್ಗಿ ಬೈಸಿಕೊಂಡಿದ್ದುಂಟು. ನಡುಗೋಡೆ ತಗಡಿಗೆ ಪೂರ್ತಿ ಮುಟ್ಟಿರಲಿಲ್ಲ. ಆಚೆ ಮನೆಯ ಪಕ್ಕೀರಮ್ಮ ಸೀನಿದರೆ ಈಚೆ ಹುಲುಗಮ್ಮನಿಗೆ ಕೇಳುತ್ತಿತ್ತು. ಹಾಗಿದ್ದೂ ಇಬ್ಬರಿಗೂ ಮಾತಿಲ್ಲ. ಪಕ್ಕೀರಮ್ಮ ಅಂಗಳ ಎತ್ತರಿಸಿ ಸಿಮೆಂಟು ಹಾಕಿಸಿದ ವರ್ಷ ಮಳೆನೀರೆಲ್ಲ ಹುಲುಗಮ್ಮನ ಮನೆಗೆ ನುಗ್ಗಿತ್ತು. ಅವತ್ತು ಆಡಬಾರದ್ದನ್ನೆಲ್ಲ ಆಡಿ ಮುಗಿಸಿ, ಆಮೇಲೆ ಒಬ್ಬರ ಮುಖ ಒಬ್ಬರು ನೋಡಿದ್ದಿಲ್ಲ.

ಗೋಡೆಯಾಚೆ ಗಂಡಸಿನ ದನಿ ಕೇಳಿಸಿತು. "ಮನಿ ನೋಡಾಕ ಬಂದೇವ್ರಿ. ಹೊಸಹಳ್ಳಿಯವ್ರು."

ಹುಲುಗಮ್ಮ ಗೋಡೆಗೆ ಕಿವಿ ಹಚ್ಚಿದಳು. ಬಸ್ಸು ಬಿಟ್ಟು ಯಾವುದೋ ಟಂಟಂ ಆಟೋ ಹತ್ತಿ ನೇರ ಓಣಿಗೇ ಬಂದಿದ್ದಾರೆ, ಬಂದವರು ಹೋಗಿ ಹೋಗಿ ಅಲ್ಲಿಗೆ ಹೊಕ್ಕಿದ್ದಾರೆ!

"ಬರ್ರಿ ಬರ್ರಿ, ನೋಡ್ರಿ," ಎಂದಳು ಪಕ್ಕೀರಮ್ಮ. ಅವಳಿಗೇನು ಗೊತ್ತು ಪಾಪ. ಹಿತ್ತಲ ಕಡೆಯ ಕೋಣೆ ಬಾಡಿಗೆಗಿದೆ ಎಂದು ಓಣಿಗೆಲ್ಲ ಸಾರಿಕೊಂಡು ಬಂದಿದ್ದಳು. "ಎಷ್ಟ್ ಮಂದಿ ಇರಾಕ್ರಿ?"

"ನಮ್ಮ ಹುಡುಗಿ ಒಬ್ಬಾಕಿನ ಬರಾಕಿ. ನರ್ಸ್ ಅದಾಳ. ನಾನು ಸೋದರಮಾವ, ಗಾಳೆಪ್ಪ. ಈಕಿ ಹುಡುಗಿ ಅವ್ವ."

"ಒಬ್ಬಾಕಿ ಅಂದ್ರ ಚಲೋ ಆತು. ನೀರಿಂದು ತ್ರಾಸಿಲ್ಲ, ಬಚ್ಚಲ ಹಿಂದೈತಿ. ಕೂಡ್ರಿ, ಚಾ ಮಾಡ್ತೀನಿ."

ಹುಲುಗಮ್ಮ ಒಂದು ಕಾಲಿಗೆ ಚಪ್ಪಲಿ ಮೆಟ್ಟಿದಳು, ಬಿಟ್ಟಳು. ಹೋಗಿ ಕರೆಯಬೇಕು, ಸರಿ. ಬೀಗರ ಎದುರಿಗೆ ಪಕ್ಕೀರಮ್ಮ "ಯಾಕ ಬಂದಿ?" ಎಂದುಬಿಟ್ಟರೆ? ಅಲ್ಲಿಗೆ ಮಗನ ಮದುವೆ ಮುಗಿದಂತೆಯೇ. ಒಲೆ ಆರಿಸಿದಳು, ಸೆರಗು ಸರಿಮಾಡಿಕೊಂಡಳು, ಮತ್ತೆ ಚಪ್ಪಲಿ ಹುಡುಕಿದಳು.

ಅಷ್ಟರಲ್ಲಿ ಆಚೆ ಚಹಾ ಲೋಟಗಳ ಸದ್ದಾಯಿತು, ಹುಡುಗಿಯ ತಾಯಿ ಕೇಳಿದಳು. "ಬಾಜೂ ಮನಿಯವ್ರು ಹೆಂಗ್ರಿ? ಚಲೋ ಮಂದಿನಾ?"

ಹುಲುಗಮ್ಮ ನಿಂತಲ್ಲೇ ನಿಂತಳು.

"ಆಕಿನಾ?" ಎಂದಳು ಪಕ್ಕೀರಮ್ಮ. "ಬಾಯಿ ಭಾಳ ಜೋರು ನೋಡ್ರಿ. ನನ್ ಕೂಡ ಮಾತಿಲ್ಲ, ಇರಾದ್ ಹೇಳ್ತೀನಿ. ಆದ್ರ ನಿಮ್ಮ ಹುಡುಗಿದು ಚಿಂತಿ ಮಾಡಬ್ಯಾಡ್ರಿ. ಡ್ಯೂಟಿ ಮುಗಿಸಿ ಎಷ್ಟೊತ್ತಿಗಿ ಬಂದ್ರೂ ಆಕಿ ಬಾಗಿಲ್ದಾಗ ನಿಂತಿರ್ತಾಳ. ನನ್ ಮಗಳು ಪುಷ್ಪಲತಾ ಕಾಲೇಜಿಂದ ಬರಾದು ತಡಾ ಆದ್ರ ಹಂಗ ನಿಂದರ್ತಾಳ. ಹುಡುಗಿ ಒಳಗ ಬಂದ ಮ್ಯಾಲ ತನ್ನ ಬಾಗಿಲ ಹಾಕ್ಯಂತಾಳ. ನನಗ ಗೊತ್ತಿಲ್ಲ ಅನ್ಕಂಡಾಳ."

ಹುಲುಗಮ್ಮನ ಮುಖ ಬಿಸಿಯಾಯಿತು. ಕದ್ದು ಸಿಕ್ಕಿಬಿದ್ದವರ ಹಾಗೆ ನಾಚಿಕೆ. ಸಿಟ್ಟೂ ಬಂತು, ಅಳುವೂ ಬಂತು. ಬರಿಗಾಲಲ್ಲೇ ಹೋಗಿ ಆ ಬಾಗಿಲಲ್ಲಿ ನಿಂತಳು.

"ಇವ್ರು ನಮ್ಮನಿಗೆ ಬಂದವ್ರು. ನಾನ್ರಿ, ಭೀಮರಾಜನ ಅವ್ವ."

ಮೊದಲು ಅರ್ಥವಾಗಿದ್ದು ಪಕ್ಕೀರಮ್ಮನಿಗೆ. "ಅಯ್ಯೋ ನನ್ ಕರ್ಮವೇ, ನಾನು ಬಾಡಿಗಿಗೆ ಅನ್ಕಂಡ್ನೆಲ್ಲ!" ಎಂದು ಬಾಯಿಗೆ ಸೆರಗು ಒತ್ತಿಕೊಂಡಳು.

ಗಾಳೆಪ್ಪ ಹುಬ್ಬೇರಿಸಿದ. "ಅಂದ್ರ ಬಾಯಿ ಜೋರಿನವ್ರು ನೀವೇನಾ?"

"ಹೌದ್ರಿ. ಜೋರೈತಿ," ಎಂದಳು ಹುಲುಗಮ್ಮ. "ಬರ್ರಿ, ನಮ್ಮನಿ ನೋಡ್ ಬರ್ರಿ."

ಹುಡುಗಿಯ ತಾಯಿ ಏಳಲಿಲ್ಲ. "ನಿಮ್ದೂ ಹಿಂಗ ಐತೇನ್ರಿ ಮನಿ?"

"ಹಿಂಗ ಐತ್ರಿ. ಇಲ್ಲಿ ಎಡಕ್ಕಿರಾದು ಅಲ್ಲಿ ಬಲಕ್ಕೈತಿ, ಅಷ್ಟ."

"ಹಂಗಾರ ನೋಡಿದಂಗ ಆತು ಬಿಡ್ರಿ," ಎಂದು ಆಕೆ ಅಣ್ಣನ ಕಡೆ ನೋಡಿದಳು. ಅವನು ತಲೆಯಾಡಿಸಿದ. "ಮದಿವಿ ಯಾವಾಗ ಇಟ್ಕಳಾದು, ಅದನ್ನ ಮಾತಾಡೂಣು. ಕೂಡ್ರಿ."

ಪಕ್ಕೀರಮ್ಮ ಕೂಡು ಅನ್ನಲಿಲ್ಲ. ಪ್ಲಾಸ್ಟಿಕ್ ಕುರ್ಚಿಯನ್ನು ಸೆರಗಿನಿಂದ ಒರೆಸಿ ಹುಲುಗಮ್ಮನತ್ತ ತಳ್ಳಿ, ತನ್ನ ಪಾಲಿನ ಚಹಾವನ್ನು ಅವಳ ಕೈಗಿಟ್ಟಳು. ಹುಲುಗಮ್ಮ ಕುಡಿದಳು. ಲೋಟ ಇಡಲು ಕೈ ತಾನಾಗಿಯೇ ಬಲಕ್ಕೆ ಚಾಚಿತು. ಅವಳ ಮನೆಯಲ್ಲಿ ಅಲ್ಲೊಂದು ಗೂಡಿತ್ತು. ಇಲ್ಲಿ ಬರೀ ಗೋಡೆ. ಪಕ್ಕೀರಮ್ಮ ಬಗ್ಗಿ ಲೋಟ ಇಸಿದುಕೊಂಡಳು.