ರಾಜಿಯಲ್ಲದ ನಗು

"ಈಗ ಒಬ್ಬರಿಗೊಬ್ಬರು ಕೈಕುಲುಕಿ ಶಾಂತಿಯನ್ನು ಕೋರಿರಿ" ಎಂದು ಚರ್ಚಿನಲ್ಲಿ ಫಾದರ್ ವೆನ್ಸೆಸ್ಲಾವೊ ಹೇಳುವುದಕ್ಕೂ ವಿಸಿತಾಳ ಹೆಗಲ ಮೇಲಿಂದ ಒಂದು ಕೈ ಮುಂದಕ್ಕೆ ಚಾಚಿಕೊಳ್ಳುವುದಕ್ಕೂ ಸರಿಹೋಯಿತು. ಯಾರದೆಂದು ಆಕೆ ತಿರುಗಿ ನೋಡಬೇಕಾಗಿರಲಿಲ್ಲ. ಹೆಬ್ಬೆರಳಿನ ಸೊಟ್ಟ ಉಗುರೇ ಹೇಳುತ್ತಿತ್ತು. ಐವತ್ತೆರಡು ವರ್ಷದ ಹಿಂದೆ ತಾನೇ ಹೆತ್ತ ಕೈ ಅದು, ಮಗ ಎಲಾದಿಯೊನದು. ಆಚೆ ಕಂಬದ ಮರೆಯಲ್ಲಿ ಅವನ ಗೆಳೆಯ ಹಿನೆಸ್ ಮೊಬೈಲನ್ನು ಎತ್ತಿ ಹಿಡಿದು, ಒಂದು ಕಣ್ಣು ಮುಚ್ಚಿಕೊಂಡು ಕಾಯುತ್ತಿದ್ದ.

"ಮುಟ್ಟಬೇಡ ದೊಡ್ಡಮ್ಮಾ!" ಪಕ್ಕದಲ್ಲಿ ಕೂತಿದ್ದ ತಂಗಿಯ ಮಗಳು ಫುಯೆನ್ಸಾಂತಾ ತುಟಿ ಅಲುಗಿಸದೆ ಪಿಸುಗುಟ್ಟಿದಳು. "ಫೋಟೋ ತೆಗೀತಿದಾರೆ!"

ಸುತ್ತಲಿದ್ದವರು ತಮ್ಮ ತಮ್ಮ ಶಾಂತಿಯನ್ನು ಅವಸರದಲ್ಲಿ ಮುಗಿಸಿ ಇತ್ತಲೇ ನೋಡತೊಡಗಿದರು. ಎಂಬತ್ತೊಂದು ವರ್ಷದಲ್ಲಿ ವಿಸಿತಾ ಶಾಂತಿಯ ಕೈಯನ್ನು ಯಾರಿಗೂ ನಿರಾಕರಿಸಿದವಳಲ್ಲ. ತನ್ನ ಅಂಜೂರದ ಮರವನ್ನು ಬೇಲಿಯಾಚೆಯಿಂದಲೇ ಬೋಳಿಸುತ್ತಿದ್ದ ಪಕ್ಕದ ಮನೆಯವಳಿಗೂ ಕೊಟ್ಟವಳು. ಈಗ ಏನು ಮಾಡುವುದೆಂದು ತೋಚದೆ ಆಕೆ ಸೀನಿದಳು. ಎರಡೂ ಅಂಗೈಯೊಳಗೆ, ಕಿಟಕಿಯ ಗಾಜು ಅದುರುವಂತೆ. ಅದು ಸುಳ್ಳು ಸೀನೆಂದು ಯಾರಿಗಾದರೂ ಅನ್ನಿಸೀತೆಂದು ಇನ್ನೆರಡು ಸಲ ಸೀನಿ, ಒದ್ದೆ ಕೈಗಳನ್ನು ಎಲ್ಲರಿಗೂ ಕಾಣುವಂತೆ ಎತ್ತಿ ತೋರಿಸಿದಳು.

"ನೆಗಡಿ. ಅಂಟುತ್ತೆ."

ಎಲಾದಿಯೊನ ಕೈ ಬಂದ ದಾರಿಯಲ್ಲೇ ಹಿಂದಕ್ಕೆ ಹೋಯಿತು.

ಎರಡು ವರ್ಷದ ಹಿಂದಿನವರೆಗೆ ತಾಯಿ ಮಗ ಒಂದೇ ಮನೆಯಲ್ಲಿದ್ದರು. ಅಪ್ಪ ಸತ್ತ ಮೇಲೆ ತಾಯಿಯನ್ನು ನೋಡಿಕೊಳ್ಳುತ್ತೇನೆಂದು ಎಲಾದಿಯೊ ಪೆಟ್ಟಿಗೆ ಹೊತ್ತುಕೊಂಡು ಬಂದಿದ್ದ. ನೋಡಿಕೊಂಡದ್ದು ಹೇಗೆಂದರೆ, ಹೆಂಡದಂಗಡಿಗೆ ಹೋಗುವಾಗ ಹೊರಗಿನಿಂದ ಬೀಗ ಜಡಿಯುತ್ತಿದ್ದ. ಮೊದಮೊದಲು ಮಧ್ಯಾಹ್ನ ಮಾತ್ರ, ಆಮೇಲೆ ದಿನವಿಡೀ. ಫೋನನ್ನು ಕಪಾಟಿನ ಮೇಲಿಟ್ಟ. ಒಂದು ಫೆಬ್ರವರಿ ಬೆಳಿಗ್ಗೆ ಆಕೆ ಬಾಗಿಲಿಗೆ ಅಡ್ಡ ನಿಂತಾಗ ದೂಡಿದ. ಎಡ ಮಣಿಕಟ್ಟು ಮುರಿಯಿತು. ಜಾರಿಬಿದ್ದಳೆಂದು ಡಾಕ್ಟರಿಗೆ ಹೇಳಿದ. ಡಾಕ್ಟರು ನಂಬಲಿಲ್ಲ. ಕೋರ್ಟು ಅವನಿಗೆ ಶಿಕ್ಷೆ ಕೊಟ್ಟು, ಒಂದು ವರ್ಷ ತಾಯಿಯ ಹತ್ತಿರ ಸುಳಿಯಕೂಡದೆಂದು ಹೇಳಿತು. ಫುಯೆನ್ಸಾಂತಾ ದೊಡ್ಡಮ್ಮನನ್ನು ತನ್ನ ಪಾರ್ಲರಿನ ಮೇಲಿದ್ದ ಮನೆಗೆ ಕರೆತಂದಳು. ವಿಸಿತಾ ನೋಟರಿಯ ಬಳಿ ಹೋಗಿ, ತನ್ನ ಮನೆ ಮತ್ತು ಆಲಿವ್ ತೋಟ ಫುಯೆನ್ಸಾಂತಾಳಿಗೆಂದು ಉಯಿಲು ಬರೆಸಿದಳು. ಹೆತ್ತವರನ್ನು ಹಿಂಸಿಸಿದ ಮಗನಿಗೆ ಪಾಲು ತಪ್ಪಿಸಲು ಕಾನೂನಿನಲ್ಲಿ ದಾರಿಯಿತ್ತು, ಕಾರಣವನ್ನು ಉಯಿಲಿನಲ್ಲಿ ಬರೆಯಬೇಕು, ಅಷ್ಟೆ.

ಆದರೆ ಅದೇ ಕಾನೂನಿಗೆ ಒಂದು ಬಾಲವೂ ಇತ್ತು. ಆಮೇಲೆ ತಾಯಿ ಮಗ ರಾಜಿಯಾದರೆ ಬರೆದದ್ದೆಲ್ಲ ಬಿದ್ದುಹೋಗುತ್ತದೆ. ಇದನ್ನು ಎಲಾದಿಯೊನಿಗೆ ಯಾರೋ ವಕೀಲ ಹೇಳಿಕೊಟ್ಟಿದ್ದ. ಕೋರ್ಟು ಹೇಳಿದ ವರ್ಷ ಮುಗಿದ ಮರುದಿನದಿಂದಲೇ ಅವನಿಗೆ ತಾಯಿಯ ಮೇಲೆ ಎಲ್ಲಿಲ್ಲದ ಪ್ರೀತಿ ಉಕ್ಕತೊಡಗಿತು. ದೂರದಿಂದಲೇ ತೋಳು ಚಾಚಿಕೊಂಡು ಬರುತ್ತಿದ್ದ, ಹಿಂದೆ ಹಿನೆಸ್ ಮೊಬೈಲು ಚಾಚಿಕೊಂಡು.

ಪೂಜೆ ಮುಗಿದ ಮೇಲೆ ಮೆಟ್ಟಿಲ ಮೇಲೆ ಫಾದರ್ ಆಕೆಯನ್ನು ತಡೆದರು.

"ನೆಗಡಿ ಹೇಗಿದೆಯಮ್ಮ?"

"ಚರ್ಚಿನಲ್ಲಿ ಸುಳ್ಳು ಸೀನಿದ್ದು ಪಾಪವೇ ಫಾದರ್?"

"ಸಣ್ಣದು. ಆದರೆ ಕ್ಷಮಿಸೋದು ಒಳ್ಳೇದಲ್ವಾ?"

"ಕ್ಷಮಿಸಿ, ಮನೆ ಮಾತ್ರ ಕೊಡದೆ ಇರಬಹುದೇ?"

ಫಾದರ್ ಗಲ್ಲ ಕೆರೆದುಕೊಂಡರು. "ದೇವರ ಲೆಕ್ಕದಲ್ಲಿ ಧಾರಾಳವಾಗಿ ಇರಬಹುದು. ನೋಟರಿ ಲೆಕ್ಕ ನನಗೆ ಗೊತ್ತಿಲ್ಲ."

"ಗೊತ್ತಿಲ್ದೇ ಇದ್ರೆ ಸುಮ್ನಿರಿ ಫಾದರ್," ಎಂದು ಫುಯೆನ್ಸಾಂತಾ ದೊಡ್ಡಮ್ಮನ ತೋಳು ಹಿಡಿದು ಎಳೆದುಕೊಂಡು ಹೋದಳು. ದಾರಿಯುದ್ದಕ್ಕೂ ಉಪದೇಶ. "ಅವನು ನಮಸ್ಕಾರ ಅಂದ್ರೆ ಕೇಳಿಸ್ಲಿಲ್ಲ ಅನ್ನು. ನಗಬೇಡ. ಅಳಲೂಬೇಡ, ಅತ್ರೆ ಕರಗಿದಾಳೆ ಅಂತಾರೆ. ಮುಖ ಹೀಗಿಟ್ಕೋ." ಅವಳು ಮುಖವನ್ನು ಹೇಗಿಟ್ಟು ತೋರಿಸಿದಳೆಂದರೆ, ಎದುರಿಗೆ ಬಂದ ನಾಯಿ ರಸ್ತೆ ದಾಟಿ ಆಚೆ ಹೋಯಿತು.

ಫುಯೆನ್ಸಾಂತಾ ಕೆಟ್ಟವಳಲ್ಲ. ವರ್ಷವಿಡೀ ದೊಡ್ಡಮ್ಮನಿಗೆ ಬಿಸಿ ಸೂಪು ಕೊಟ್ಟು, ಪ್ರತಿ ಗುರುವಾರ ತಲೆ ತೊಳೆದು, ನೋಯುವ ಕೈಗೆ ಎಣ್ಣೆ ತಿಕ್ಕಿದವಳು. ಆದರೆ ಎಲಾದಿಯೊ ಹೀಗೆ ತೋಳು ಚಾಚಿಕೊಂಡು ಬೀದಿಗಿಳಿದಂದಿನಿಂದ ಅವಳಿಗೆ ನಿದ್ದೆ ಹತ್ತುತ್ತಿರಲಿಲ್ಲ.

ಶನಿವಾರ ಸಂಜೆ ಐದಕ್ಕೆ ಗೆಳತಿಯರ ಜೊತೆ ಇಸ್ಪೀಟಾಡಲು ಹೊರಟ ವಿಸಿತಾ ಕೋಟು ತೊಟ್ಟು ಬಾಗಿಲಿನ ಹಿಡಿ ತಿರುಗಿಸಿದಳು. ತೆರೆಯಲಿಲ್ಲ. ಬಾಗಿಲು ಬಿಗಿಯಾಗಿದೆಯೆಂದುಕೊಂಡು ಭುಜ ಕೊಟ್ಟು ನೂಕಿದಳು. ಆಮೇಲೆ ಅರ್ಥವಾಯಿತು. ಕೈ ಹಿಡಿಯ ಮೇಲೇ ಇತ್ತು. ಅದನ್ನು ತೆಗೆಯಲು ಆಕೆಗೆ ಸ್ವಲ್ಪ ಹೊತ್ತು ಬೇಕಾಯಿತು. ಹೋಗಿ ನೀರು ಕುಡಿದು, ಬಂದು ಮತ್ತೊಮ್ಮೆ ತಿರುಗಿಸಿ ನೋಡಿ, ಬಾಲ್ಕನಿಗೆ ನಡೆದಳು.

ಕೆಳಗೆ ಬೀದಿಯಲ್ಲಿ, ರಿಬ್ಬನ್ನು ಕಟ್ಟಿದ ಮಿಠಾಯಿ ಡಬ್ಬಿ ಎದೆಗೊತ್ತಿಕೊಂಡು ಎಲಾದಿಯೊ ನಿಂತಿದ್ದ. ಹಿನ್ನೆಲೆಯಲ್ಲಿ ಹಿನೆಸ್.

"ಅಮ್ಮಾ! ಸೋಂಪು ಹಾಕಿದ ಉಂಗುರದ ಬಿಸ್ಕತ್ತು ತಂದಿದೀನಿ, ನಿಂಗಿಷ್ಟದ್ದು! ಕೆಳಗೆ ಬಾ!"

"ಬರೋದಕ್ಕಾಗಲ್ಲ. ಬೀಗ ಹಾಕಿದೆ." ಮಾತು ಬಾಯಿಂದ ಜಾರಿಬಿಟ್ಟಿತು.

ಎಲಾದಿಯೊನ ಮುಖ ಹಬ್ಬದ ದಿನದಂತೆ ಬೆಳಗಿತು. "ಬೀಗ ಹಾಕಿದಾಳಾ? ಎಂಬತ್ತೊಂದು ವರ್ಷದ ಮುದುಕೀನ ಕೂಡಿಹಾಕಿದಾಳಾ? ಹಿನೆಸ್, ವಿಡಿಯೋ ಮಾಡೋ! ಅಯ್ಯೋ, ಇದು ಹಿಂಸೆ ಕಣ್ರಪ್ಪಾ! ಅಮ್ಮಾ, ಇದು ಅಪರಾಧ! ಕಾನೂನಿನಲ್ಲೇ ಇದೆ!"

"ನಿಜವಾಗ್ಲೂ ಇದೆಯೇನೋ?"

"ಇದೆಯಮ್ಮಾ! ನಂಗೊತ್ತಿಲ್ವಾ? ನನಗೆ ಇದಕ್ಕೇ ಅಲ್ವಾ ಶಿಕ್ಷೆ ಕೊಟ್ಟಿದ್ದು!"

ಹೇಳಿದ ಮೇಲೆ ಅವನಿಗೂ ಏನೋ ಎಡವಿದಂತೆ ಅನ್ನಿಸಿರಬೇಕು, ಬಾಯಿ ಅರ್ಧ ತೆರೆದೇ ನಿಂತ. ವಿಸಿತಾಳ ಹೊಟ್ಟೆಯೊಳಗಿಂದ ನಗು ಎದ್ದು ಬಂತು. ತಡೆಯಲು ಬಾಲ್ಕನಿಯ ಕಂಬಿ ಹಿಡಿದಳು, ಆಗಲಿಲ್ಲ. ಗಂಡ ಸತ್ತಮೇಲೆ ಆಕೆ ಅಷ್ಟು ನಕ್ಕಿರಲಿಲ್ಲ. ಕಣ್ಣಲ್ಲಿ ನೀರು ಬಂತು, ಹಲ್ಲಿನ ಸೆಟ್ಟು ಸಡಿಲಾಯಿತು.

"ನಗ್ತಿದಾಳೆ! ನಿನ್ನ ನೋಡಿ ನಗ್ತಿದಾಳೆ ಕಣೋ! ಸಿಕ್ತು!" ಎಂದು ಹಿನೆಸ್ ಕುಣಿದ.

ಗಲಾಟೆ ಕೇಳಿ ಫುಯೆನ್ಸಾಂತಾ ಪಾರ್ಲರಿನಿಂದ ಓಡಿಬಂದಳು. ಕೈಗವಸಿನ ತುಂಬ ಕಪ್ಪು ಬಣ್ಣ; ಹಿಂದೆ ಅರ್ಧ ತಲೆಗೆ ಮಾತ್ರ ಬಣ್ಣ ಹಚ್ಚಿಸಿಕೊಂಡ ಗಿರಾಕಿ. ಇಬ್ಬರು ಗಂಡಸರನ್ನೂ ಬೈದು ಓಡಿಸಿ, ಮೆಟ್ಟಿಲು ಹತ್ತಿ ಬೀಗ ತೆಗೆದಳು.

"ಬಯ್ಯಬೇಡ ದೊಡ್ಡಮ್ಮಾ. ನಿನ್ನ ಒಳ್ಳೇದಕ್ಕೇ ಹಾಕಿದ್ದು."

"ಅವನೂ ಇದೇ ಮಾತು ಹೇಳ್ತಿದ್ದ."

ಕೈಗವಸಿನಿಂದ ಒಂದು ಹನಿ ಕಪ್ಪು ಬಣ್ಣ ಹೊಸ್ತಿಲ ಮೇಲೆ ಬಿತ್ತು. ವಿಸಿತಾ ಅವಳನ್ನು ದಾಟಿ ಇಸ್ಪೀಟಿಗೆ ಹೋದಳು.

ಸೋಮವಾರ ಇಬ್ಬರೂ ನೋಟರಿಯ ಮುಂದೆ ಕೂತಿದ್ದರು. ನೋಟರಿ ನೊಯೆಲಿಯಾ ಕನ್ನಡಕ ತೆಗೆದು ಒರೆಸಿಕೊಂಡು, ಒಂದು ನಗುವಿನ ಫೋಟೋದಿಂದ ರಾಜಿ ಆಗುವುದಿಲ್ಲವೆಂದೂ ಹೆದರಬೇಕಾಗಿಲ್ಲವೆಂದೂ ಹೇಳಿದಳು.

"ಆದ್ರೂ ಬರೀರಿ," ಎಂದಳು ವಿಸಿತಾ. "ಶನಿವಾರ ಸಂಜೆ ನಾನು ನಕ್ಕಿದ್ದು ನಿಜ. ಅವನ ಮೇಲೆ ಪ್ರೀತಿ ಬಂದು ನಕ್ಕಿದ್ದಲ್ಲ, ನಗು ಬಂತು, ನಕ್ಕೆ. ಮುಂದೆಯೂ ನಗು ಬಂದ್ರೆ ನಗ್ತೀನಿ. ಯಾವ ನಗುವೂ ರಾಜಿ ಅಲ್ಲ."

ನೋಟರಿ ಗಂಭೀರವಾಗಿ ಬರೆದುಕೊಂಡಳು. "ಇನ್ನೇನಾದ್ರೂ?"

"ಇವಳ ಹೆಸರಿದೆಯಲ್ಲ, ಅದನ್ನ ಪೆನ್ಸಿಲ್ಲಲ್ಲಿ ಬರೆಯೋದಕ್ಕಾಗುತ್ತಾ?"

"ಉಯಿಲನ್ನ ಪೆನ್ಸಿಲ್ಲಲ್ಲಿ ಬರೆಯೋ ಹಾಗಿಲ್ಲಮ್ಮಾ."

ಫುಯೆನ್ಸಾಂತಾಳ ಕಿವಿ ಕೆಂಪಾದವು. ಕೈಚೀಲ ತೆರೆದು ಮನೆಯ ಬೀಗದಕೈ ಎರಡನ್ನೂ ತೆಗೆದು ದೊಡ್ಡಮ್ಮನ ತೊಡೆಯ ಮೇಲಿಟ್ಟಳು. ವಿಸಿತಾ ಅವುಗಳನ್ನು ನೋಡಿ, ಒಂದನ್ನು ತನ್ನ ಕೋಟಿನ ಜೇಬಿಗಿಳಿಸಿ, ಇನ್ನೊಂದನ್ನು ವಾಪಸು ಅವಳ ಚೀಲಕ್ಕೇ ಹಾಕಿದಳು.

"ಸರಿ. ಶಾಯಿಯಲ್ಲೇ ಇರಲಿ."

ಹೊರಗೆ ಚೌಕದಲ್ಲಿ ಚಳಿಯ ಬಿಸಿಲು. ಬೆಂಚಿನ ಮೇಲೆ ಎಲಾದಿಯೊ ಒಬ್ಬನೇ ಕೂತಿದ್ದ. ಹಿನೆಸ್ ಇರಲಿಲ್ಲ, ಮೊಬೈಲೂ ಇರಲಿಲ್ಲ. ಇವರನ್ನು ಕಂಡು ಎದ್ದ, ಆದರೆ ತೋಳು ಚಾಚಲಿಲ್ಲ. ವಿಸಿತಾ ಚೌಕದ ಈಚೆ ಅಂಚಿನಲ್ಲೇ ನಡೆದಳು. ಅರ್ಧ ದಾರಿಯಲ್ಲಿ ನಿಂತಳು.

"ಸ್ವೆಟರ್ ಉಲ್ಟಾ ಹಾಕ್ಕೊಂಡಿದೀಯ!" ಎಂದು ಕೂಗಿದಳು.

ಆಮೇಲೆ ಫುಯೆನ್ಸಾಂತಾಳ ಕಡೆ ತಿರುಗಿ, "ಇದು ಲೆಕ್ಕಕ್ಕೆ ಬರುತ್ತೇನೇ?" ಎಂದು ಕೇಳಿದಳು.

ಫುಯೆನ್ಸಾಂತಾ ಗಡಿಯಾರದ ಗೋಪುರ ನೋಡುತ್ತಿದ್ದಳು. "ನಂಗೇನೂ ಕೇಳಿಸ್ಲಿಲ್ಲ ದೊಡ್ಡಮ್ಮಾ."

ಎಲಾದಿಯೊ ಬಗ್ಗಿ ಎದೆ ನೋಡಿಕೊಂಡು, ಅಲ್ಲೇ ಸ್ವೆಟರನ್ನು ಮೇಲಕ್ಕೆಳೆಯತೊಡಗಿದ. ಕತ್ತಿನ ಬಳಿ ಸಿಕ್ಕಿಕೊಂಡಿತು. ಚೌಕದ ನಡುವೆ ಅವನ ಎರಡೂ ತೋಳು ಆಕಾಶಕ್ಕೆದ್ದು, ಉಣ್ಣೆಯೊಳಗೆ ದಾರಿ ಹುಡುಕುತ್ತ ತಿಣುಕಾಡಿದವು. ತಲೆ ಹೊರಬರುವವರೆಗೆ ವಿಸಿತಾ ನಿಂತೇ ಇದ್ದಳು.