ಒಂದೇ ದಿನದ ಮನೆ

ಒಬಿಯೆರೊ ಮೆಕ್ಕೆಜೋಳದ ಸಾಲಿನಲ್ಲಿ ಕಳೆ ಕೀಳುತ್ತಿದ್ದಾಗ ಅವನ ಹೆಂಡತಿ ಡೊರ್ಸಿಲಾ ಬದುವಿನ ಮೇಲೆ ಓಡುತ್ತ ಬಂದಳು. ಕೈಯಲ್ಲಿ ಫೋನಿತ್ತು. ಅದನ್ನು ಗಂಡನ ಕಿವಿಗೆ ಹಿಡಿದು, ತಲೆವಸ್ತ್ರದ ತುದಿಯನ್ನು ತನ್ನ ಬಾಯಿಗೆ ಒತ್ತಿಕೊಂಡಳು.

"ಭಾವ, ನಾನು ಪೆರೆಸ್," ಎಂದಿತು ಆಚೆಯ ದನಿ. ಅವನ ತಮ್ಮ ನಫ್ತಾಲಿಯ ಹೆಂಡತಿ. "ಬೆಳಿಗ್ಗೆ ಪಾಳಿ ಮುಗಿಸಿ ಬಂದ್ರು. ಟೀ ಕೊಟ್ಟೆ. ಕುಡೀಲಿಲ್ಲ. ಎದೆ ಹಿಡ್ಕೊಂಡು ಗೋಡೆಗೆ ಒರಗಿ ಕೂತ್ರು. ಅಷ್ಟೇ ಭಾವ. ಅಷ್ಟೇ."

ಒಬಿಯೆರೊ ಗುದ್ದಲಿಯ ಕಾವಿನ ಮೇಲೆ ಗಲ್ಲ ಊರಿ ನಿಂತ.

"ಭಾವ, ಕೇಳಿಸ್ತಾ? ಊರಿಗೆ ತರಬೇಕು ಅಂತಿದೀವಿ. ಕಂಪನಿಯವರು ಗಾಡಿ ಕೊಡ್ತಾರೆ."

"ತನ್ನಿ," ಎಂದ ಒಬಿಯೆರೊ. "ಹುಟ್ಟಿದ ಮಣ್ಣಿಗೆ ಬರಬೇಡ ಅನ್ನೋಕೆ ನಾನ್ಯಾರು?"

ಫೋನನ್ನು ಹೆಂಡತಿಗೆ ಕೊಟ್ಟು ಮತ್ತೆ ಬಗ್ಗಿದ. ಸಾಲು ಮುಗಿಯುವವರೆಗೂ ತಲೆ ಎತ್ತಲಿಲ್ಲ. ಅವನು ಹೋದ ಮೇಲೆ ಡೊರ್ಸಿಲಾ ನೋಡಿದರೆ, ಕಳೆಯ ಜೊತೆಗೆ ಎಳೆಯ ಜೋಳದ ಪೈರನ್ನೂ ಅವನು ಕಡಿದು ಹಾಕಿದ್ದ.

*

ಹೂಳುವ ದಿನ ಚಹಾ ಕಂಪನಿಯ ಗಾಡಿ ಬೇಲಿಯ ಸಂದಿನಲ್ಲಿ ಬಂದು ನಿಂತಾಗ ಬಿಸಿಲು ಇನ್ನೂ ಏರಿರಲಿಲ್ಲ. ಮೋಡ ಕವಿದು ಸರೋವರದ ಕಡೆಯಿಂದ ತಣ್ಣನೆ ಗಾಳಿ ಬೀಸುತ್ತಿತ್ತು. ಗಾಡಿಯ ಒಳಗೆ ಪೆಟ್ಟಿಗೆ, ಪೆಟ್ಟಿಗೆಯ ಪಕ್ಕದಲ್ಲಿ ಪೆರೆಸ್ ಮತ್ತು ಅವಳ ಮಗಳು ಅಕೆಯೊ. ಹೊರಗೆ ನಫ್ತಾಲಿಯ ಪಾಲಿಗೆ ಬಂದ ಜಾಗ. ಅಲ್ಲಿ ಸೊಂಟದೆತ್ತರ ಹುಲ್ಲು ಬೆಳೆದು ಮೇಕೆಗಳು ಮೇಯುತ್ತಿದ್ದವು. ಮನೆ ಇರಲಿಲ್ಲ.

ಆ ಊರಿನಲ್ಲಿ ಸ್ವಂತ ಮನೆಯಿಲ್ಲದೆ ಸತ್ತ ಗಂಡಸಿಗೆ ಹೂಳುವ ದಿನವಾದರೂ ಮನೆ ನಿಲ್ಲಿಸಬೇಕು. ಮನೆ ನಿಂತರೆ ಅವನು ಯಜಮಾನನಾಗಿ ತನ್ನ ಅಂಗಳದಲ್ಲಿ ಮಲಗುತ್ತಾನೆ. ನಿಲ್ಲದಿದ್ದರೆ ಮದುವೆಯಾಗದ ಹುಡುಗನಂತೆ ಬೇಲಿಯಾಚೆ. ಅದಕ್ಕೆಂದೇ ಕುಲದ ಹುಡುಗರು ಕಂಬ ಕಡಿದು ತಂದಿದ್ದರು, ಹುಲ್ಲಿನ ಹೊರೆ ಬಂದಿತ್ತು, ಹೆಂಗಸರು ಮಣ್ಣಿನ ಗುಂಡಿ ತೋಡುತ್ತಿದ್ದರು. ಆದರೆ ಮೊದಲ ಕಂಬವನ್ನು ತಂದೆ ನೆಡಬೇಕು, ತಂದೆಯಿಲ್ಲದಿದ್ದರೆ ಅಣ್ಣ. ಒಲೆಯ ಬೆಂಕಿಯೂ ಅಣ್ಣನ ಮನೆಯಿಂದಲೇ ಬರಬೇಕು. ಅಣ್ಣನಾದ ಒಬಿಯೆರೊ ಅತ್ತಿಮರದ ಕೆಳಗೆ ಕೈಕಟ್ಟಿ ಕುಳಿತಿದ್ದ.

ಗಾಡಿಯ ಚಾಲಕ ಲಂಗಾಟ್, ಬೆಟ್ಟದ ಕಡೆಯವನು. ಕುಲದ ಹಿರಿಯನೂ ಚರ್ಚಿನ ಹಿರಿಯನೂ ಆದ ಜಕಾಯೊ ಅಜ್ಜನ ಬಳಿಗೆ ಹೋಗಿ, "ಅಜ್ಜ, ಕತ್ತಲೆಗೆ ಮೊದಲು ಗಾಡಿ ತೋಟ ಸೇರಬೇಕು. ಪೆಟ್ಟಿಗೆ ಇಳಿಸ್ಲಾ?" ಎಂದು ಕೇಳಿದ.

"ಎಲ್ಲಿ ಇಳಿಸ್ತೀಯಪ್ಪ, ಹುಲ್ಲಿನ ಮೇಲಾ? ಮನೆ ನಿಂತ ಮೇಲೆ ಇಳಿಸೋದು."

"ಇದೊಳ್ಳೆ ಊರು. ಬದುಕಿರೋವಾಗ ಬಿಟ್ಟು ಸತ್ತ ಮೇಲೆ ಮನೆ ಕಟ್ಟಿಸ್ತೀರಿ."

"ನಿಮ್ಮೂರಲ್ಲಿ ಕರುವಿಗಿಂತ ಮೊದಲು ನೀವೇ ಕೆಚ್ಚಲಿಗೆ ಬಾಯಿ ಹಾಕ್ತೀರಂತೆ. ನಾನೇನಾದ್ರೂ ಅಂದ್ನಾ? ಹೋಗು, ಆ ಕಡೆ ಗಂಜಿ ಕೊಡ್ತಿದಾರೆ, ಕುಡಿ."

ಯಾರೋ ನಕ್ಕರು. ಜಕಾಯೊ ನಗಲಿಲ್ಲ. ಕೋಲೂರಿಕೊಂಡು ಅತ್ತಿಮರದ ಬುಡಕ್ಕೆ ನಡೆದ.

"ಏಳು ಒಬಿಯೆರೊ. ಹೊತ್ತಾಯ್ತು."

"ಪೆಟ್ಟಿಗೆ ಯಾರು ಕೊಟ್ಟಿದ್ದು ಅಜ್ಜ?"

"ಕಂಪನಿ."

"ಗಾಡಿ?"

"ಕಂಪನಿ."

"ಹಾಗಾದ್ರೆ ಕಂಬವನ್ನೂ ಕಂಪನಿಯೇ ನೆಡಲಿ."

"ಸತ್ತವನ ಮೇಲೆ ಎಂಥಾ ಹಟವೋ ಇದು?"

"ಹಟ ಅವನದು!" ಒಬಿಯೆರೊನ ದನಿ ಗಾಡಿಯವರೆಗೂ ಕೇಳಿಸಿತು. "ಒಂದು ಮಳೆಗಾಲ ಪೂರ್ತಿ ಉಳುಮೆ ಬಿಟ್ಟು ಕಿಸುಮು ಪಟ್ಟಣದ ಆಫೀಸಿನ ಬೆಂಚಿನ ಮೇಲೆ ಕೂತೆ. ಅವನಿಗೊಂದು ಕೆಲಸ ಕೊಡಿ ಅಂತ ಕಂಡಕಂಡವರಿಗೆಲ್ಲ ಕೈಮುಗಿದೆ. ಸರ್ಕಾರದ ನೀರಿನ ಇಲಾಖೆ, ಪಂಪ್ ಮೆಕ್ಯಾನಿಕ್. ಸಂಬಳ ಎರಡರಷ್ಟು. ಪಿಂಚಣಿ ಬೇರೆ. ಕೆಲಸಕ್ಕೆ ಬಾ ಅಂತ ಕಾಗದ ಬಂದ ಮೇಲೆ ಬೇಡ ಅಂದ. ಯಾಕೋ ಅಂದ್ರೆ, 'ಬಾಯ್ಲರ್ ಕೆಲಸ ಒಗ್ಗಿಹೋಗಿದೆ ಅಣ್ಣ' ಅಂದ. ಒಗ್ಗಿಹೋಗಿದೆಯಂತೆ! ಬಿಟ್ಟಿ ಮನೆ, ಬಿಟ್ಟಿ ಸೌದೆ. ಅದಕ್ಕೇ ನೋಡಿ, ಇವತ್ತು ಅವನ ಜಾಗದಲ್ಲಿ ಮೇಕೆ ಮೇಯ್ತಿದೆ."

ಪೆರೆಸ್ ಗಾಡಿಯೊಳಗಿಂದ ಎಲ್ಲವನ್ನೂ ಕೇಳಿದಳು. ಮಗಳು ಅವಳ ಮುಖವನ್ನೇ ನೋಡಿದಳು. ಪೆರೆಸ್ ಬೇಡವೆಂಬಂತೆ ತಲೆಯಾಡಿಸಿದಳು.

*

ಆ ಕಾಗದ ಬಂದಾಗ ಅಕೆಯೊಗೆ ಆರು ವರ್ಷ.

ಕೆರಿಚೊ ಬೆಟ್ಟದ ಮೇಲೆ, ಚಹಾ ಕಾರ್ಖಾನೆಯ ಹಿಂದಿನ ಸಾಲುಮನೆಯಲ್ಲಿ ನಫ್ತಾಲಿ ಕಾಗದವನ್ನು ಮೇಜಿನ ಮೇಲಿಟ್ಟು, ಅದು ಹಾರಿಹೋಗದಂತೆ ಲೋಟವನ್ನಿಟ್ಟಿದ್ದ. ಗಾಳಿಯೇನೂ ಇರಲಿಲ್ಲ.

"ಸಂಬಳ ಎರಡರಷ್ಟು," ಎಂದ.

"ಮನೆ?"

"ಕೊಡಲ್ಲ. ಬಾಡಿಗೆಗೆ ಹುಡುಕಬೇಕು."

"ಆಸ್ಪತ್ರೆ?"

"ದೊಡ್ಡಾಸ್ಪತ್ರೆ ಇದೆ. ಊರಾಚೆ."

"ರಕ್ತ ಬೇಕಾದ್ರೆ?"

"ಇದ್ರೆ ಕೊಡ್ತಾರೆ. ಇಲ್ದಿದ್ರೆ ನಾವೇ ಹುಡುಕಬೇಕಂತೆ. ದುಡ್ಡೂ ನಮ್ಮದೇ."

ಪೆರೆಸ್ ಒಲೆಯ ಮುಂದೆ ಕುಳಿತಿದ್ದಳು. ಅವಳ ಮನಸ್ಸಿನಲ್ಲಿ ಆಗಲೇ ಒಂದು ಮನೆ ಎದ್ದು ನಿಂತಿತ್ತು. ತಗಡಿನ ಸೂರು, ಎರಡು ಕಿಟಕಿ, ಅಂಗಳದ ಮೂಲೆಯಲ್ಲಿ ಒಂದು ಮಾವಿನ ಸಸಿ.

"ಆದ್ರೂ ಹೋಗೋಣ," ಎಂದಳು. "ಇದು ಕಂಪನಿ ಮನೆ. ನಾಳೆ ನಿಮಗೇನಾದ್ರೂ ಆದ್ರೆ ಕಣ್ಣೀರು ಆರೋ ಮೊದಲು ಬೀಗದಕೈ ಕೇಳ್ತಾರೆ. ಊರಲ್ಲಿ ನಮ್ಮದು ಅಂತ ಒಂದು ಬಾಗಿಲು ಬೇಡ್ವಾ? ನಿಮ್ಮಣ್ಣ ಎಷ್ಟು ಅಲೆದಿದಾರೆ."

"ಅಲೆದಿದಾನೆ. ನನಗೂ ಆಸೆ ಇಲ್ವಾ ಪೆರೆಸ್?"

"ಮತ್ತೆ?"

ನಫ್ತಾಲಿ ಎದ್ದು ಹಿಂದಿನ ಕಿಟಕಿಯನ್ನು ತೆರೆದ. ತರಕಾರಿ ಮಡಿಯಾಚೆ ಕಂಪನಿಯ ಆಸ್ಪತ್ರೆ. ಅಲ್ಲಿ ನರ್ಸೊಬ್ಬಳು ಬಿಳಿ ಬಟ್ಟೆಗಳನ್ನು ಒಣಹಾಕುತ್ತಿದ್ದಳು. ಅವಳು ತನ್ನಷ್ಟಕ್ಕೆ ಹಾಡಿಕೊಳ್ಳುತ್ತಿದ್ದುದು ಒಳಗೆ ಕೇಳಿಸುತ್ತಿತ್ತು.

"ಇಲ್ಲಿ ಮಗು ಅತ್ತರೆ ಆ ನರ್ಸಮ್ಮನಿಗೆ ಕೇಳುತ್ತೆ," ಎಂದ.

ಪೆರೆಸ್ ಸಿಟ್ಟಿನಿಂದ ಒಲೆಯ ಸೌದೆಯನ್ನು ಹಿಂದಕ್ಕೆಳೆದಳು. ಬಹಳ ದಿನ ಅವನೊಡನೆ ಸರಿಯಾಗಿ ಮಾತಾಡಲಿಲ್ಲ. ಅವನೂ ಬಲವಂತ ಮಾಡಲಿಲ್ಲ. ಬೆಟ್ಟದಲ್ಲಿ ಚಳಿ ಬಿದ್ದ ದಿನ ಮಗಳನ್ನು ಹೆಗಲ ಮೇಲೆ ಹೊತ್ತು ಕೆಲಸಕ್ಕೆ ಕರೆದೊಯ್ದು, ಬಾಯ್ಲರ್ ಮನೆಯ ಬೆಚ್ಚನೆ ಗೋಡೆಗೆ ಒರಗಿಸಿ ಕೂರಿಸುತ್ತಿದ್ದ. ಮೇಲಿನವರು ಕಂಡೂ ಕಾಣದಂತಿದ್ದರು. ಅವನು ಬೆಂಕಿಗೆ ಸೌದೆ ಒಟ್ಟುವುದನ್ನು ಮಗು ನೋಡುತ್ತ ಕೂರುತ್ತಿತ್ತು.

ಕೆಲಸ ಬೇಡವೆಂದು ಹೇಳಲು ಅವನು ಅಣ್ಣನ ಮನೆಗೆ ಒಬ್ಬನೇ ಹೋದ. ಹೊರಡುವ ಮೊದಲು ಹೆಂಡತಿಗೆ ಒಂದೇ ಮಾತು ಹೇಳಿದ: "ಮಗೂ ವಿಷಯ ಆ ಅಂಗಳದಲ್ಲಿ ಎತ್ತಬೇಡ. ಎಂದಿಗೂ ಎತ್ತಬೇಡ."

ಯಾಕೆಂದು ಪೆರೆಸ್ ಕೇಳಲಿಲ್ಲ. ಅವರ ಮೊದಲ ಮಗ ಓಮೊಲೊ ಕೈಕಾಲು ಊದಿ, ಮೂರು ತುಂಬುವ ಮೊದಲೇ ಅದೇ ಅಂಗಳದಲ್ಲಿ ಕಣ್ಣು ಮುಚ್ಚಿದ್ದ. ಆಗ ಹೆಂಗಸರು ಆಡಿದ ಮಾತುಗಳು ಅವಳ ಕಿವಿಯಲ್ಲಿ ಇನ್ನೂ ಇದ್ದವು.

ನಫ್ತಾಲಿ ಸಂಜೆಗೆ ಹಿಂದಿರುಗಿದ. ಅಣ್ಣ ಏನೆಂದ ಎಂದು ಕೇಳಿದಾಗ ಅಂಗಿ ಕಳಚುತ್ತ ಹೇಳಿದ: "ನಿನ್ನ ಕಂಪನಿಯೇ ನಿನ್ನ ಹೂಳಲಿ ಅಂದ."

*

ಮಧ್ಯಾಹ್ನ ಕಳೆಯಿತು. ಕಂಬಗಳು ನೆಲದ ಮೇಲೆಯೇ ಇದ್ದವು. ಲಂಗಾಟ್ ಎರಡು ಸಲ ಬಂದು ಆಕಾಶ ನೋಡಿ ಹೋದ. ಜಕಾಯೊ ಪೆರೆಸಳನ್ನು ಪಕ್ಕಕ್ಕೆ ಕರೆದು ಮೆಲ್ಲಗೆ ಹೇಳಿದ:

"ಮಗಳೇ, ಅವನು ಏಳೋ ಹಾಗೆ ಕಾಣಲ್ಲ. ಬೇಲಿಯಾಚೆ ಗುಂಡಿ ತೋಡಿಸ್ಲಾ? ದೇವರ ದೃಷ್ಟಿಗೆ ಬೇಲಿ ಇಲ್ಲ."

"ದೇವರ ದೃಷ್ಟಿಗೆ ಇಲ್ಲ ಅಜ್ಜ. ಈ ಊರಿನ ಕಣ್ಣಿಗೆ ಇದೆ," ಎಂದಳು ಪೆರೆಸ್. "ಸ್ವಲ್ಪ ತಡೀರಿ."

ಅವಳು ಒಬಿಯೆರೊನ ಮುಂದೆ ಹೋಗಿ ಮಂಡಿಯೂರಿದಳು. "ಭಾವ, ನನ್ನ ಬೈಯಿರಿ. ನನ್ನ ಹೊಡೀರಿ. ಅವರನ್ನ ಹೊರಗೆ ಹಾಕಬೇಡಿ."

"ಒಂದೇ ಒಂದು ಮಾತು ಹೇಳಮ್ಮ, ಏಳ್ತೀನಿ. ಅವನು ಯಾಕೆ ಬೇಡ ಅಂದ?"

ಪೆರೆಸ್ ತುಟಿ ಬಿಗಿಹಿಡಿದು ನೆಲ ನೋಡಿದಳು. ಒಂದು ಕಡೆ ಬೇಲಿಯ ಹೊರಗಿನ ಗುಂಡಿ. ಇನ್ನೊಂದು ಕಡೆ ಮದುವೆಯ ವಯಸ್ಸಿನ ಮಗಳು. ಸುತ್ತ ಇಡೀ ಕುಲ.

"ಹೇಳಕ್ಕಾಗಲ್ಲ ಭಾವ."

"ಸರಿ ಹಾಗಾದ್ರೆ," ಎಂದು ಒಬಿಯೆರೊ ಮುಖ ತಿರುಗಿಸಿದ.

ಅಷ್ಟರಲ್ಲಿ ಮಣ್ಣು ಕಲಸುವ ಗುಂಡಿಯ ಕಡೆ ನೀರು ಸುರಿದ ಸದ್ದಾಯಿತು. ಹೆಂಗಸರು ಹೊಳೆಯಿಂದ ಹೊತ್ತು ತಂದ ತಣ್ಣೀರನ್ನು ಮಣ್ಣಿಗೆ ಹುಯ್ದು ತುಳಿಯಲು ಶುರುಮಾಡಿದ್ದರು; ಮನೆ ಏಳಲಿ ಬಿಡಲಿ, ಮಣ್ಣು ಕಲಸಿಟ್ಟಿರೋಣ ಎಂಬುದು ಅವರ ಲೆಕ್ಕ. ಅಕೆಯೊ ಚಪ್ಪಲಿ ಬಿಟ್ಟು, ಲಂಗ ಮೇಲೆತ್ತಿ ಕಟ್ಟಿ, ಅವರ ನಡುವೆ ಇಳಿದಳು.

ಪೆರೆಸ್ ತಿರುಗಿ ನೋಡಿ ಕಿರುಚಿದಳು. "ಅಕೆಯೊ! ಬೇಡ! ನೀರಿಗೆ ಇಳೀಬೇಡ!"

ಎಲ್ಲರ ಕಾಲುಗಳೂ ನಿಂತವು. ಡೊರ್ಸಿಲಾ ಸೊಂಟದ ಮೇಲೆ ಕೈಯಿಟ್ಟು, "ಅಯ್ಯೋ, ಅಪ್ಪನ ಮನೆಗೆ ಮಣ್ಣು ತುಳಿಯೋಕೂ ಕಂಪನಿ ಬೂಟು ಬೇಕೇನಮ್ಮ?" ಎಂದಳು. ಇನ್ನೊಬ್ಬಳು ಕಿಸಕ್ಕನೆ ನಕ್ಕಳು.

"ತುಳೀಲಿ ಬಿಡಮ್ಮ," ಎಂದ ಒಬಿಯೆರೊ ಕೂತಲ್ಲಿಂದಲೇ. "ಮಣ್ಣು ತುಳಿದು ಯಾರೂ ಸತ್ತಿಲ್ಲ."

"ನಾನು ಸಾಯಬಹುದು ದೊಡ್ಡಪ್ಪ," ಎಂದಳು ಅಕೆಯೊ.

ಅವಳು ಜೋರಾಗಿ ಹೇಳಲಿಲ್ಲ. ಆದರೆ ಎಲ್ಲರಿಗೂ ಕೇಳಿಸಿತು.

"ಬೇಡ ಮಗಳೇ," ಎಂದಳು ಪೆರೆಸ್.

"ಇರಲಿ ಅವ್ವ. ಕಾಯಿಲೆ ನಂದು. ನಾನೇ ಹೇಳ್ತೀನಿ." ಅಕೆಯೊ ಗುಂಡಿಯಿಂದ ಹತ್ತಿ, ಮಣ್ಣಿನ ಕಾಲಲ್ಲೇ ಒಬಿಯೆರೊನ ಮುಂದೆ ನಿಂತಳು. "ಓಮೊಲೊ ಅಣ್ಣ ಸತ್ತನಲ್ಲ, ಅದೇ ಕಾಯಿಲೆ ನನಗೂ ಇದೆ ದೊಡ್ಡಪ್ಪ. ಹುಟ್ಟಿದಾಗಿನಿಂದ. ರಕ್ತದ್ದು. ನನ್ನ ರಕ್ತದ ಕಣಗಳು ಕುಡುಗೋಲಿನ ಹಾಗೆ ಬಾಗ್ತವಂತೆ. ತಣ್ಣೀರು, ಚಳಿ ತಾಗಿದ್ರೆ ನಾಳೆ ಹೊತ್ತಿಗೆ ಮೂಳೆ ಮೂಳೆ ಮುರಿದ ಹಾಗೆ ನೋವು. ರಕ್ತ ಕೊಡಬೇಕು. ಚಿಕ್ಕವಳಿದ್ದಾಗ ತಿಂಗಳಿಗೊಂದು ಸಲ ಆಸ್ಪತ್ರೆ. ಎಲ್ಲಾ ಕಂಪನಿಯದು, ಔಷಧಿ, ರಕ್ತ, ಎಲ್ಲಾ. ಸರ್ಕಾರದ ಕೆಲಸದಲ್ಲಿ ಅದು ಇರಲಿಲ್ಲ. ಅದಕ್ಕೇ ಅಪ್ಪ ಬರಲಿಲ್ಲ."

ಗಾಳಿಗೆ ಹುಲ್ಲಿನ ಹೊರೆಗಳು ಸರಸರ ಎಂದವು. ಒಬಿಯೆರೊ ಹುಡುಗಿಯ ಕಾಲನ್ನು ನೋಡಿದ, ಮುಖವನ್ನು ನೋಡಿದ. ಓಮೊಲೊನನ್ನು ಬಟ್ಟೆಯಲ್ಲಿ ಸುತ್ತಿ ಗುಂಡಿಗೆ ಇಳಿಸಿದ್ದು ಅವನದೇ ಕೈ.

"ನನಗೆ ಯಾಕೆ ಹೇಳ್ಲಿಲ್ಲ ಅವನು?" ಎಂದು ಪೆರೆಸಳನ್ನು ಕೇಳಿದ.

"ಓಮೊಲೊ ಹೋದಾಗ ನನ್ನ ಹೊಟ್ಟೇಲಿ ಶಾಪ ಇದೆ ಅಂದ್ರು ಭಾವ. ಇದೇ ಅಂಗಳದಲ್ಲಿ. ಇವಳಿಗೂ ಅದೇ ಅಂದ್ರೆ ನಾಳೆ ಯಾರು ಕೈ ಹಿಡೀತಾರೆ? ಬೈಗುಳ ನನಗಿರಲಿ, ಮಗೂಗೆ ಬೇಡ ಅಂದ್ರು ನಿಮ್ಮ ತಮ್ಮ."

ಡೊರ್ಸಿಲಾ ಸೊಂಟದ ಮೇಲಿನ ಕೈಯನ್ನು ಇಳಿಸಿದಳು.

ಒಬಿಯೆರೊ ಎದ್ದ. ಹುಡುಗರು ದಾರಿ ಬಿಟ್ಟರು. ಎಲ್ಲಕ್ಕಿಂತ ದಪ್ಪನೆಯ ಕಂಬವನ್ನು ಹೆಗಲಿಗೇರಿಸಿಕೊಂಡು, ಯಾರ ಕೈಯನ್ನೂ ತಾಗಿಸಗೊಡದೆ, ಬೆಳಗಿನಿಂದ ಬಾಯ್ತೆರೆದಿದ್ದ ಕುಳಿಯಲ್ಲಿ ಇಳಿಸಿದ. ಮಂಡಿಯೂರಿ ಅಂಗೈಯಿಂದಲೇ ಮಣ್ಣು ತಳ್ಳಿದ, ಹಿಮ್ಮಡಿಯಿಂದ ತುಳಿದ. ಕಂಬವನ್ನು ಅಲ್ಲಾಡಿಸಿ ನೋಡಿ, ಸಾಲದೆಂದು ಮತ್ತೆ ತುಳಿದ. ಆಮೇಲೆ ಅದಕ್ಕೆ ಹಣೆಯಿಟ್ಟು ಸ್ವಲ್ಪ ಹೊತ್ತು ನಿಂತ.

"ನೋಡ್ತಾ ನಿಂತಿದೀರಲ್ಲೋ!" ಎಂದು ತಲೆಯೆತ್ತದೆ ಗದರಿದ. "ಕತ್ತಲಾಗುತ್ತೆ. ಕಟ್ರೋ!"

ಹುಡುಗರು ಮುಗಿಬಿದ್ದರು. ಲಂಗಾಟ್ ಕೂಡ ಅಂಗಿ ಬಿಚ್ಚಿ ಗಾಡಿಯ ಮೇಲಿಟ್ಟು, ಬೈದುಕೊಳ್ಳುತ್ತಲೇ ಹುಲ್ಲಿನ ಹೊರೆಯನ್ನು ಮೇಲಕ್ಕೆ ಎಸೆಯತೊಡಗಿದ. ಹೆಂಗಸರು ಹಸಿ ಮಣ್ಣನ್ನು ಮುದ್ದೆ ಮಾಡಿ ಗೋಡೆಗೆ ಬಡಿದರು. ಡೊರ್ಸಿಲಾ ಮಾತ್ರ ಅಲ್ಲಿರಲಿಲ್ಲ. ಬಿಸಿನೀರಿನ ಬೋಗುಣಿಯನ್ನು ತಂದು, ಅಕೆಯೊಳನ್ನು ಬಂಡೆಯ ಮೇಲೆ ಕೂರಿಸಿ, ಅವಳ ಕಾಲಿನ ಮಣ್ಣನ್ನು ತೊಳೆಯುತ್ತಿದ್ದಳು. ಬೆರಳ ಸಂದಿಗಳನ್ನೆಲ್ಲ ಒರೆಸಿ ಮುಗಿದ ಮೇಲೂ ಡೊರ್ಸಿಲಾ ಆ ಕಾಲುಗಳನ್ನು ತನ್ನ ಮಡಿಲಿನಿಂದ ಕೆಳಗಿಳಿಸಲಿಲ್ಲ.

ಸೂರ್ಯ ಇಳಿಯುವ ಹೊತ್ತಿಗೆ ಮನೆ ನಿಂತಿತ್ತು. ಸೂರಿನ ಒಂದು ಪಕ್ಕಕ್ಕೆ ಹುಲ್ಲು ಸಾಲದೆ ಆಕಾಶ ಕಾಣುತ್ತಿತ್ತು. ಬಾಗಿಲಿಗೆ ಕದವಿರಲಿಲ್ಲ. ಗೋಡೆಯ ಮಣ್ಣು ಇನ್ನೂ ನೀರು ಬಿಡುತ್ತಿತ್ತು.

ಒಬಿಯೆರೊ ತನ್ನ ಮನೆಗೆ ಹೋಗಿ, ಒಡೆದ ಮಡಕೆಯ ಚೂರಿನಲ್ಲಿ ಕೆಂಡ ಹಿಡಿದು ತಂದ. ಒಳಗೆ ಮೂರು ಕಲ್ಲಿನ ಒಲೆ ಹೂಡಿ, ಕೆಂಡವನ್ನು ಸುರಿದು, ಊದಿ ಉರಿ ಎಬ್ಬಿಸಿದ. ಬಾಗಿಲಲ್ಲಿ ನಿಂತಿದ್ದ ಅಕೆಯೊಳನ್ನು ಕರೆದು ಒಲೆಯ ಪಕ್ಕದಲ್ಲಿ ಕೂರಿಸಿ, ತನ್ನ ಕೋಟನ್ನು ಬಿಚ್ಚಿ ಅವಳ ಹೆಗಲಿಗೆ ಹೊದಿಸಿದ.

"ಕಾಲು ಚಾಚ್ಕೊ. ಗೋಡೆಗೆ ಒರಗಬೇಡ, ಹಸಿ ಇದೆ," ಎಂದ. "ಬೆಂಕಿ ಕಾಯೋದು ನಿಮ್ಮಪ್ಪನ ಕೆಲಸ. ಇದು ಆರದ ಹಾಗೆ ನೀನು ನೋಡ್ಕೊ."

ಪೆಟ್ಟಿಗೆಯನ್ನು ಹೊತ್ತು ತಂದರು. ಮುಂದಿನ ತುದಿಗೆ ಒಬಿಯೆರೊ ಹೆಗಲು ಕೊಟ್ಟಿದ್ದ. ಕದವಿಲ್ಲದ ಬಾಗಿಲಲ್ಲಿ ತಲೆ ಬಗ್ಗಿಸಿ ಒಳಗೆ ಬಂದು, ಒಲೆಯ ಬೆಳಕು ಬೀಳುವ ಕಡೆ ಇಳಿಸಿದರು. ಪೆರೆಸ್ ಪೆಟ್ಟಿಗೆಯ ಮೇಲೆ ಕೈಯಿಟ್ಟು ಕುಳಿತಳು. ಅಂಗಳದಲ್ಲಿ ಹುಡುಗರು ಆಗಲೇ ತೋಡಿದ್ದ ಗುಂಡಿ ಕಾದಿತ್ತು. ಜಕಾಯೊ ಟೋಪಿ ತೆಗೆದ. ಎಲ್ಲರೂ ತಲೆ ತಗ್ಗಿಸಿದರು.

"ಕರ್ತನೇ," ಎಂದ ಮುದುಕ, "ನಿನ್ನ ದಾಸ ನಫ್ತಾಲಿ ತನ್ನ ಬಾಗಿಲಿಗೆ ಬಂದಿದ್ದಾನೆ. ತಡವಾಗಿ ಬಂದ, ನಾವು ಅವನನ್ನು ಅದಕ್ಕಿಂತ ತಡವಾಗಿ ಒಳಗೆ ಕರೆದೆವು. ನಮ್ಮನ್ನು ಕ್ಷಮಿಸು. ಈ ಮನೆಗೆ ಕದವಿಲ್ಲ, ನೀನೇ ಕಾವಲಿರು. ಸೂರು ತುಂಬಿಲ್ಲ, ನಿನ್ನ ಕೈ ಚಾಚು. ಬದುಕಿನುದ್ದಕ್ಕೂ ಬೆಂಕಿಯ ಮುಂದೆ ಎಚ್ಚರವಿದ್ದವನು ಇವನು. ಇನ್ನು ಇವನನ್ನು ನೆಮ್ಮದಿಯಾಗಿ ಮಲಗಲು ಬಿಡು. ಇವನ ಪಾಳಿಯನ್ನು ನೀನು ವಹಿಸಿಕೊ."

"ಆಮೆನ್," ಎಂದರು ಎಲ್ಲರೂ, ಕಣ್ಣು ಮುಚ್ಚಿಯೇ.

ಅಕೆಯೊ ಮಾತ್ರ ಕಣ್ಣು ಮುಚ್ಚಿರಲಿಲ್ಲ. ಅವಳು ಒಂದು ಸೌದೆಯನ್ನು ಮೆಲ್ಲನೆ ಒಲೆಯೊಳಕ್ಕೆ ನೂಕುತ್ತಿದ್ದಳು.